ಐವತ್ತು ಹಾಸಿಗೆ, ಎರಡು ವರ್ಷ

ತಂಗಿಯ ಸರ್ಟಿಫಿಕೇಟುಗಳನ್ನು ಪ್ಲಾಸ್ಟಿಕ್ ಫೈಲಿನೊಳಗೆ ಜೋಡಿಸಿಕೊಟ್ಟವನು ನಾನೇ. ಎಸ್ಸೆಸ್ಸೆಲ್ಸಿ, ಪಿಯುಸಿ, ಮೂರು ವರ್ಷದ ಜಿಎನ್‌ಎಂ ಅಂಕಪಟ್ಟಿಗಳು, ರಾಜ್ಯ ನರ್ಸಿಂಗ್ ಕೌನ್ಸಿಲ್ಲಿನ ನೋಂದಣಿ ಪತ್ರ, ಜಾತಿ ಪ್ರಮಾಣಪತ್ರ, 371ಜೆ ಪ್ರಮಾಣಪತ್ರ. ಎಲ್ಲ ಹಾಕಿದ ಮೇಲೂ ಕೊನೆಯ ಕವರು ಖಾಲಿ ಉಳಿಯಿತು.

"ಇದ್ರಾಗ ಏನು ಹಾಕೋದು?" ಅಂದೆ.

"ಎಕ್ಸ್‌ಪೀರಿಯೆನ್ಸ್" ಅಂತ ನಕ್ಕಳು. ಆಗಿನ್ನೂ ನಗುತ್ತಿದ್ದಳು.

ನಮ್ಮ ಊರು ಕೊಟ್ಟೂರಿನ ಮಗ್ಗುಲಿಗಿದೆ. ನಾನು ಶಾಲೆಗೆ ಹೋಗುವಾಗ ಅದು ಕೂಡ್ಲಿಗಿ ತಾಲ್ಲೂಕು, ಬಳ್ಳಾರಿ ಜಿಲ್ಲೆ. ಈಗ ಕೊಟ್ಟೂರೇ ತಾಲ್ಲೂಕು, 2021ರಿಂದ ಜಿಲ್ಲೆ ವಿಜಯನಗರ. ಹೀಗಾಗಿ ಅವಳ ಒಂದೊಂದು ದಾಖಲೆಯಲ್ಲಿ ಒಂದೊಂದು ವಿಳಾಸ. ಒಂದು ಕಡೆಯ ಕ್ಲರ್ಕು ಅದನ್ನೇ ಹಿಡಿದು ಅರ್ಧ ಗಂಟೆ ಕೂರಿಸಿದ್ದ. ಮನೆಯವರು ಕೂತಲ್ಲೇ ಇದ್ದರೂ ಊರು ಓಡಾಡುತ್ತದೆ ಅಂತ ಅವನಿಗೆ ತಿಳಿಸಿ ಹೇಳುವುದು ಕಷ್ಟವಾಯಿತು.

ಪಿಯುಸಿಯಲ್ಲಿ ಅವಳು ಆರ್ಟ್ಸ್ ತೆಗೆದುಕೊಂಡಿದ್ದಳು. ಬಿಎಸ್ಸಿ ನರ್ಸಿಂಗಿಗೆ ವಿಜ್ಞಾನ ಓದಿರಬೇಕು, ಜಿಎನ್‌ಎಂಗೆ ಹಾಗಿಲ್ಲ. ಹದಿನೇಳನೇ ವಯಸ್ಸಿನಲ್ಲಿ, ಹತ್ತಿರದ ಕಾಲೇಜಿನಲ್ಲಿ ಸೈನ್ಸ್ ಲೆಕ್ಚರರ್ ಇಲ್ಲ ಅನ್ನುವ ಕಾರಣಕ್ಕೆ ಮಾಡಿಕೊಂಡ ಆಯ್ಕೆ ಇಪ್ಪತ್ತೆರಡನೇ ವಯಸ್ಸಿನಲ್ಲಿ ಎಲ್ಲಿಗೆ ತಂದು ನಿಲ್ಲಿಸುತ್ತದೆ ಅನ್ನುವುದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಡಿಗ್ರಿ ದಾಟಿದವನು ನಾನೊಬ್ಬನೇ. ನನಗೂ ಗೊತ್ತಿರಲಿಲ್ಲ.

ಆ ಬೇಸಿಗೆ ನಾನು ಸಂಶೋಧನೆಯ ಕ್ಷೇತ್ರಕಾರ್ಯದಲ್ಲಿದ್ದೆ. ಈ ಐದು ತಾಲ್ಲೂಕುಗಳ ಸೂಲಗಿತ್ತಿಯರ ನೆನಪುಗಳನ್ನು ದಾಖಲಿಸುವುದು ನನ್ನ ಕೆಲಸ. ಒಂದೇ ಬೈಕು, ಇಬ್ಬರ ತಿರುಗಾಟ. ಬೆಳಿಗ್ಗೆ ಅವಳನ್ನು ಹಗರಿಬೊಮ್ಮನಹಳ್ಳಿಯಲ್ಲೋ ಹಡಗಲಿಯಲ್ಲೋ ಒಂದು ನರ್ಸಿಂಗ್ ಹೋಮಿನ ಮುಂದೆ ಇಳಿಸಿ, ರೆಕಾರ್ಡರ್ ಚೀಲಕ್ಕೆ ಹಾಕಿಕೊಂಡು ಹಳ್ಳಿಗೆ ಹೋಗುತ್ತಿದ್ದೆ. ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಸೇರಿ ಮಿರ್ಚಿ ಮಂಡಕ್ಕಿ ತಿಂದು ವಾಪಸ್ಸು. ಒಳಗೆ ಏನಾಯಿತು ಅನ್ನುವುದನ್ನು ಅವಳು ಫೈಲು ಹಿಡಿದುಕೊಂಡಿರುವ ರೀತಿಯಿಂದಲೇ ತಿಳಿದುಕೊಳ್ಳುತ್ತಿದ್ದೆ.

ಕೆಲಸ ಇರಲಿಲ್ಲ ಅಂತಲ್ಲ. ಒಂದು ಕಡೆ ತಿಂಗಳಿಗೆ ಏಳು ಸಾವಿರ, ನಗದು. ರಿಸೆಪ್ಷನ್ನೂ ನೋಡಿಕೊಳ್ಳಬೇಕು, ಮೆಡಿಕಲ್ ಸ್ಟೋರಿನ ಹುಡುಗ ಬಾರದಿದ್ದರೆ ಅದನ್ನೂ. ಇನ್ನೊಂದು ಕಡೆ ಮೂಲ ಅಂಕಪಟ್ಟಿಗಳನ್ನು ಅವರ ಬೀರುವಿನಲ್ಲಿ ಇಡಬೇಕು, ಎರಡು ವರ್ಷ ಬಿಟ್ಟುಹೋಗುವಂತಿಲ್ಲ. ಅಪ್ಪ ಆ ಮಾತು ಕೇಳಿ, "ಕಬ್ಬು ಕಡಿಯಾಕ ಹೋಗೋರೂ ಮುಂಗಡ ಇಸಗಂಡು ಹೋಗ್ತಾರ, ಇವ್ರು ನಮ್ಮವನ್ನ ಇಟಗಂತಾರೇನು?" ಅಂದ. ಹರಪನಹಳ್ಳಿ ಕಡೆಯ ತಾಂಡಾಗಳಿಂದ ಕಬ್ಬಿನ ಗದ್ದೆಗೂ ಕಾಫಿ ತೋಟಕ್ಕೂ ಹೋಗುವವರನ್ನು ಅವನು ಪ್ರತಿವರ್ಷ ನೋಡಿದವನು.

ಸರಿಯಾದ ಮಾತು ಹೇಳಿದವರು ಒಬ್ಬ ವಯಸ್ಸಾದ ಡಾಕ್ಟರು. "ನಮ್ಮಲ್ಲಿ ಇರೋದೇ ಹನ್ನೆರಡು ಬೆಡ್ಡಮ್ಮಾ. ಇಲ್ಲಿ ನೀನು ಹತ್ತು ವರ್ಷ ಇದ್ದರೂ ಅದು ಲೆಕ್ಕಕ್ಕೆ ಬರೋದಿಲ್ಲ. ದೊಡ್ಡ ಆಸ್ಪತ್ರೆ ನೋಡು."

ಅವರು ಹೇಳಿದ ಲೆಕ್ಕ ಹೀಗಿದೆ. ಕೇಂದ್ರ ಸರ್ಕಾರದ ಏಮ್ಸ್ ಆಸ್ಪತ್ರೆಗಳಿಗೆ ನರ್ಸುಗಳನ್ನು ಆರಿಸಲು ನಾರ್ಸೆಟ್ ಎಂಬ ಪರೀಕ್ಷೆ ನಡೆಯುತ್ತದೆ. ಬಿಎಸ್ಸಿ ನರ್ಸಿಂಗ್ ಆದವರು ಅದನ್ನು ನೇರವಾಗಿ ಬರೆಯಬಹುದು. ಜಿಎನ್‌ಎಂ ಆದವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ 2 ವರ್ಷ ಕೆಲಸ ಮಾಡಿದ ಅನುಭವ ಬೇಕು. ನಮ್ಮ ಕಡೆ ಅಷ್ಟು ಹಾಸಿಗೆಯ ಆಸ್ಪತ್ರೆ ಅಂದರೆ ಸರ್ಕಾರದ್ದು. ಅಲ್ಲಿಗೆ ಸೇರಲು ನೇಮಕಾತಿ ಪ್ರಕಟಣೆ ಬರಬೇಕು. 371ಜೆ ಅಡಿಯಲ್ಲಿ ಗ್ರೂಪ್ ಸಿ ಹುದ್ದೆಗಳಲ್ಲಿ ಶೇಕಡಾ 80 ನಮ್ಮ ಭಾಗದವರಿಗೆ ಮೀಸಲು ಅನ್ನುವುದು ನಿಜ, ಆದರೆ ಅರ್ಜಿ ಕರೆದರೆ ತಾನೇ. ನಾವು ಮೆಟ್ಟಿಲು ಹತ್ತಿದ ಖಾಸಗಿ ನರ್ಸಿಂಗ್ ಹೋಮುಗಳೆಲ್ಲ ಹತ್ತು, ಹದಿನೈದು ಹಾಸಿಗೆಯವು. ಅಲ್ಲಿ ರಾತ್ರಿಪಾಳಿಯಲ್ಲಿ ಒಬ್ಬಳೇ ಹೆರಿಗೆ ನೋಡಿಕೊಂಡರೂ, ಹಾವು ಕಚ್ಚಿದವರನ್ನು ನೋಡಿಕೊಂಡರೂ ಅದು ಅನುಭವವಲ್ಲ. ನಗದು ಸಂಬಳಕ್ಕೆ ರಸೀದಿಯೂ ಇಲ್ಲ.

ಸಂಬಳದ ಮಾತು ಬಂತು ಅಂತ ಇದನ್ನೂ ಹೇಳಿಬಿಡುತ್ತೇನೆ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಖಾಸಗಿ ಆಸ್ಪತ್ರೆಯ ನರ್ಸುಗಳ ಸ್ಥಿತಿ ನೋಡಲು ಸಮಿತಿ ಮಾಡುವಂತೆ ಕೇಂದ್ರಕ್ಕೆ ಹೇಳಿತು. ಸಮಿತಿಯ ಶಿಫಾರಸಿನಲ್ಲಿ 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ನರ್ಸಿನ ಸಂಬಳ 20,000 ರೂಪಾಯಿಗಿಂತ ಕಡಿಮೆ ಇರಬಾರದು ಅಂತಿದೆ. 200ಕ್ಕಿಂತ ಹೆಚ್ಚು ಹಾಸಿಗೆಯಿದ್ದರೆ ಸರ್ಕಾರಿ ನರ್ಸಿನಷ್ಟೇ ಕೊಡಬೇಕು. ಇದನ್ನು ಓದಿ ಖುಷಿಯಿಂದ ತಂಗಿಗೆ ತೋರಿಸಿದೆ. ಅವಳು ಮೊಬೈಲ್ ನೋಡಿ ವಾಪಸ್ಸು ಕೊಟ್ಟಳು. "ಇದನ್ನ ಇಂಟರ್‌ವ್ಯೂದಾಗ ಹೇಳ್ಲೇನು?"

ಆಮೇಲೆ ದಾವಣಗೆರೆ. ಹೊಸಪೇಟೆಯಿಂದ ಹರಿಹರಕ್ಕೆ ಹೋಗುವ ಪ್ಯಾಸೆಂಜರ್ ರೈಲು ಕೊಟ್ಟೂರಿನ ಮೇಲೆ ಹಾಯುತ್ತದೆ. ಹರಿಹರದಲ್ಲಿ ಇಳಿದು ಬಸ್ಸು. ಮೊದಲನೇ ಆಸ್ಪತ್ರೆಯಲ್ಲಿ ಅವಳಿಗೆ ಲೆಕ್ಕ ಕೇಳಿದರು: ಅರ್ಧ ಲೀಟರ್ ಸಲೈನನ್ನು ಎಂಟು ಗಂಟೆಯಲ್ಲಿ ಮುಗಿಸಬೇಕು, ಒಂದು ಎಂಎಲ್‌ಗೆ 20 ಹನಿ ಬೀಳುವ ಸೆಟ್ಟು, ನಿಮಿಷಕ್ಕೆ ಎಷ್ಟು ಹನಿ? "21" ಅಂದಳು. ಸರಿ ಇತ್ತು. ಮಗುವಿಗೆ ಯಾವ ಬಣ್ಣದ ಕ್ಯಾನುಲಾ? "ಹಳದಿ, 24 ಗೇಜು." ಅದೂ ಸರಿ. ಎಷ್ಟು ಮಕ್ಕಳಿಗೆ ಹಾಕಿದ್ದೀಯಾ? ಸುಮ್ಮನಾದಳು. ವೆಂಟಿಲೇಟರ್ ಮೇಲಿರುವ ಪೇಷೆಂಟನ್ನು ನೋಡಿಕೊಂಡಿದ್ದೀಯಾ? ನೋಡಿಕೊಳ್ಳುವುದಿರಲಿ, ಅವಳು ವೆಂಟಿಲೇಟರನ್ನು ನೋಡಿದ್ದೇ ಬಾಗಿಲ ಗಾಜಿನಿಂದ. ಕಾಲೇಜಿನಿಂದ ಆಸ್ಪತ್ರೆಗೆ ಕಳಿಸುವಾಗ ಒಂದು ಮಂಚದ ಸುತ್ತ ಹದಿನೈದು ಹುಡುಗಿಯರು ನಿಲ್ಲುತ್ತಿದ್ದರಂತೆ. ಹಿಂದೆ ನಿಂತವರಿಗೆ ಮುಂದಿನವರ ಜಡೆಯೇ ಪಾಠ.

ಫ್ಲಾರೆನ್ಸ್ ನೈಟಿಂಗೇಲ್ ಬಗ್ಗೆ ಆ ದಿನಗಳಲ್ಲಿ ಓದುತ್ತಿದ್ದೆ. 1853ರಲ್ಲಿ ಲಂಡನ್ನಿನ ಹಾರ್ಲೆ ಸ್ಟ್ರೀಟಿನಲ್ಲಿ ಆಕೆಗೆ ಮೊದಲ ಕೆಲಸ ಸಿಕ್ಕಿತು, ಅದೂ ಮೇಲ್ವಿಚಾರಕಿಯಾಗಿ. ಅದಕ್ಕೆ ಮೊದಲು ಆಕೆ ಪಡೆದ ಮುಖ್ಯ ತರಬೇತಿ ಜರ್ಮನಿಯಲ್ಲಿ ಸುಮಾರು ಮೂರು ತಿಂಗಳು. ಕೆಲಸಕ್ಕೆ ಸಂಬಳ ಇರಲಿಲ್ಲ. ತಂದೆ ವರ್ಷಕ್ಕೆ 500 ಪೌಂಡ್ ಕೊಡುತ್ತಿದ್ದರು. ನಮ್ಮಪ್ಪನ ಹತ್ತಿರ ಎರಡೂವರೆ ಎಕರೆ ಮೆಕ್ಕೆಜೋಳ ಇತ್ತು.

ಈಗ ನಾನು ಮಾಡಿದ ಕೆಲಸ ಹೇಳಬೇಕು. ಪರಿಚಯದವನೊಬ್ಬ ಸಿಕ್ಕಿ, ಅನುಭವದ ಪತ್ರ ಮಾಡಿಸಿಕೊಡುವವರಿದ್ದಾರೆ ಅಂದ. 100 ಹಾಸಿಗೆಯ ಆಸ್ಪತ್ರೆಯ ಲೆಟರ್‌ಹೆಡ್ಡು, ಸೀಲು, ಎರಡು ವರ್ಷ. ಇಪ್ಪತ್ತು ಸಾವಿರ. ನನ್ನ ಫೆಲೋಶಿಪ್ಪಿನ ಬಾಕಿ ಅದೇ ವಾರ ಬಂದಿತ್ತು. ಎರಡು ದಿನ ಯೋಚಿಸಿದೆ ಅಂತ ಬರೆದರೆ ಸುಳ್ಳಾಗುತ್ತದೆ. ಬೈಕು ಮನೆಗೆ ಮುಟ್ಟುವುದರೊಳಗೆ ತೀರ್ಮಾನ ಆಗಿತ್ತು. ರಾತ್ರಿ ಮಾಳಿಗೆ ಮೇಲೆ ಅವಳಿಗೆ ಹೇಳಿದೆ. ಎಲ್ಲರೂ ಮಾಡ್ತಾರ, ಒಳಗ ಹೋದ ಮ್ಯಾಲೆ ಹೆಂಗೂ ಕಲೀತಿ, ಅಂತೆಲ್ಲ.

ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಣ್ಣಾ, ಪೇಪರ್‌ನಾಗ ಎರಡು ವರ್ಷ ಅಂತ ಇದ್ರ ಮೊದಲನೇ ದಿನಾನೇ ನನ್ನ ಐಸಿಯುಗೆ ಹಾಕ್ತಾರ. ರಾತ್ರಿ ಮೂರು ಗಂಟಿಗೆ ಮಷಿನ್ ಬಡ್ಕಂತದ. ನನಗ ಗೊತ್ತಿಲ್ಲ ಅನ್ನಾಕ ಬಾಯಿ ಇರ್ತೈತೇನು?" ಅಂದಳು. ಸ್ವಲ್ಪ ತಡೆದು, "ದುಡ್ಡು ಕೊಟ್ರ ಥೀಸಿಸ್ಸೂ ಬರ್ದು ಕೊಡ್ತಾರಂತಲ್ಲ. ನೀನು ಬರಸ್ತೀಯೇನು?"

ನಾನು ಕೆಳಗಿಳಿದು ಬಂದೆ. ವಾರವೊಪ್ಪತ್ತು ನಮ್ಮಿಬ್ಬರ ನಡುವೆ ಊಟಕ್ಕೆ ಕರೆಯುವಷ್ಟೇ ಮಾತು. ಅವ್ವ ಏನಾಗೇತಿ ಅಂತ ಕೇಳಿದರೆ ಇಬ್ಬರೂ ಏನಿಲ್ಲ ಅನ್ನುತ್ತಿದ್ದೆವು.

ಆ ವಾರದಲ್ಲೇ ಹಡಗಲಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಎಂಬತ್ತು ದಾಟಿದ ಸೂಲಗಿತ್ತಿಯೊಬ್ಬರನ್ನು ಕಂಡೆ. ನನ್ನ ಪ್ರಶ್ನಾವಳಿಯಲ್ಲಿ "ಮೊದಲ ಹೆರಿಗೆ ಯಾವಾಗ ಮಾಡಿಸಿದಿರಿ?" ಅಂತ ಒಂದು ಪ್ರಶ್ನೆಯಿದೆ. ಆ ಅಜ್ಜಿ ಅದಕ್ಕೆ ನೇರ ಉತ್ತರ ಕೊಡಲಿಲ್ಲ. "ನಮ್ಮತ್ತಿ ಮಾಡಸ್ತಿದ್ಲು. ನಾನು ಮೂರು ವರ್ಷ ಬರೇ ಬುಡ್ಡಿ ಹಿಡದೆ. ಬುಡ್ಡಿ ಅಲಗಾಡಿಸಿದ್ರ ಬೈತಿದ್ಲು. ಆಮ್ಯಾಲೆ ಒಂದಿನ ಬುಡ್ಡಿ ತಾನು ಹಿಡಕಂಡ್ಲು" ಅಂದರು. 2018ರಲ್ಲಿ ಪದ್ಮಶ್ರೀ ಪಡೆದ ಪಾವಗಡದ ಸೂಲಗಿತ್ತಿ ನರಸಮ್ಮನವರ ಹೆಸರು ಹೇಳಿದೆ, ಅವರಿಗೆ ಗೊತ್ತಿರಲಿಲ್ಲ. ರೆಕಾರ್ಡಿಂಗನ್ನು ರಾತ್ರಿ ಬರೆದುಕೊಳ್ಳುತ್ತಿದ್ದಾಗ ತಂಗಿ ಹಿಂದೆ ನಿಂತು ಕೇಳಿದಳು. ಬುಡ್ಡಿಯ ಮಾತು ಬಂದಾಗ, ಮತ್ತೊಮ್ಮೆ ಹಾಕು ಅಂದಳು. ಎರಡು ಸಲ ಕೇಳಿ ಮಲಗಲು ಹೋದಳು. ಮರುದಿನ ಮಾತು ಶುರುವಾಯಿತು.

ಕೆಲಸ ಸಿಕ್ಕಿದ್ದು ದಾವಣಗೆರೆಯ ಮೂರನೇ ಆಸ್ಪತ್ರೆಯಲ್ಲಿ. ಆ ಸಲ ಅವಳು ಒಂದು ನೋಟ್‌ಬುಕ್ ತೆಗೆದುಕೊಂಡು ಹೋಗಿದ್ದಳು. ಓದುವಾಗ ತಾನು ಏನೇನು ಮಾಡಿದೆ ಅಂತ ಬರೆದಿಟ್ಟದ್ದು. ಸ್ವತಃ ಹಾಕಿದ ಕ್ಯಾನುಲಾ, 4. ಹಾಕಲು ಹೋಗಿ ತಪ್ಪಿದ್ದು, 7. ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ಆ ಏಳನ್ನು ನೋಡಿ ನಕ್ಕರಂತೆ. ಅವಳ ಪ್ರಾಮಾಣಿಕತೆಗೆ ಕೆಲಸ ಸಿಕ್ಕಿತು ಅಂತ ನಾನು ಹೇಳಲಾರೆ. ಆ ವಾರ ಅಲ್ಲಿಂದ ಇಬ್ಬರು ನರ್ಸುಗಳು ಬಿಟ್ಟುಹೋಗಿದ್ದರು, ವಾರ್ಡಿಗೆ ಜನ ಬೇಕಿತ್ತು. ಮೂರು ತಿಂಗಳು ಟ್ರೇನಿ, ಹೆಚ್ಚಾಗಿ ರಾತ್ರಿಪಾಳಿ, ಸಂಬಳ ಸಮಿತಿ ಹೇಳಿದ್ದರ ಹತ್ತಿರವೂ ಇಲ್ಲ. ಆದರೆ ಹಾಸಿಗೆ 50ಕ್ಕಿಂತ ಹೆಚ್ಚು, ಸಂಬಳ ಬ್ಯಾಂಕಿಗೆ ಬರುತ್ತದೆ.

ಮೊದಲನೇ ತಿಂಗಳು ಫೋನು ಮಾಡಿದಾಗಲೆಲ್ಲ ಅಳು. ಎರಡನೇ ತಿಂಗಳು, ಸೀನಿಯರ್ ಅಕ್ಕ ಒಬ್ಬಳು ತನ್ನ ಕೈ ಹಿಡಿದು ಅಜ್ಜನೊಬ್ಬನ ಒಣಗಿದ ರಟ್ಟೆಯಲ್ಲಿ ನರ ಹುಡುಕಿಸಿದ್ದನ್ನು ಹೇಳಿದಳು. ಮೂರನೆಯದರಲ್ಲಿ ಫೋನು ಬರುವುದೇ ಕಡಿಮೆಯಾಯಿತು.

ಈಗ ಪ್ರತಿ ತಿಂಗಳ ಮೊದಲ ವಾರ ನನ್ನ ಮೊಬೈಲಿಗೆ ಒಂದು ಪೇಸ್ಲಿಪ್ ಬರುತ್ತದೆ. "ಪ್ರಿಂಟ್ ತಗದು ಇಡು, ಮರೀಬ್ಯಾಡ" ಅಂತ ಕೆಳಗೆ ಒಂದು ಸಾಲು. ವಿಶ್ವವಿದ್ಯಾಲಯದ ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿ, ಅದೇ ಪ್ಲಾಸ್ಟಿಕ್ ಫೈಲಿನ ಕೊನೆಯ ಕವರಿಗೆ ಹಾಕುತ್ತೇನೆ. ನಿನ್ನೆ ಹಾಕಿದ್ದು ಹದಿನಾಲ್ಕನೆಯದು. ಇನ್ನು ಹತ್ತು ಬರಬೇಕು.