ಬೆಂಕಿ ಆರಿಸಿದ ಕೈಗಳ ಲೆಕ್ಕ

ಬೆಂಕಿಗೆ ಜಾತಿ ಇಲ್ಲ ಅಂತಾರೆ. ಇರಲಿಕ್ಕಿಲ್ಲ. ಆದರೆ ಬೆಂಕಿ ಆರಿಸುವ ನೀರಿಗೆ ಜಾತಿ ಇದೆ, ನೀರು ಸೇದುವ ಹಗ್ಗಕ್ಕಿದೆ, ಕೊಡಕ್ಕಿದೆ. ಇದನ್ನು ಕಾಳಗಿ ಸುತ್ತಿನ ಹಳ್ಳಿಯ ಕೇರಿಯಲ್ಲಿ ಹುಟ್ಟಿ, ಮನೆತನದಲ್ಲೇ ಮೊದಲ ಸಲ ಡಿಗ್ರಿ ಮುಗಿಸಿ ಬಂದ ನಮ್ಮಂಥವರಿಗೆ ಹೇಳಿಕೊಟ್ಟವರು ಮುತ್ಯಾಗಳು, ಆಯಿಗಳು. ಬೆಂಕಿ ಆರಿಸಿದವರ ಇತಿಹಾಸ ಬರೀತೀವಿ ಅಂದರೆ ದೊಡ್ಡವರು ರಿಜಿಸ್ಟರು ಎಲ್ಲಿದೆ ಅಂತ ಕೇಳ್ತಾರೆ. ನಮ್ಮ ಕಡೆ ಆ ರಿಜಿಸ್ಟರು ಮುತ್ಯಾಗಳ ಮೊಣಕೈ ಮೇಲೆ ಸುಟ್ಟ ಕಲೆಯಾಗಿ ಉಳಿದಿದೆ.

ಕಾಳಗಿ ಬಹಳ ಕಾಲ ಚಿತ್ತಾಪುರ ತಾಲ್ಲೂಕಿನ ಊರು. 1948ರ ತನಕ ನಿಜಾಮನ ಆಳ್ವಿಕೆ, 1956ರಿಂದ ಮೈಸೂರು ರಾಜ್ಯ. 2017ರ ಬಜೆಟ್ಟಿನಲ್ಲಿ 49 ಹೊಸ ತಾಲ್ಲೂಕು ಘೋಷಣೆಯಾದಾಗ ಅದರಲ್ಲಿ ನಮ್ಮ ಕಾಳಗಿಯೂ ಒಂದು, ಶಹಾಬಾದವೂ ಒಂದು. ಶಹಾಬಾದದ ಕಲ್ಲು ದೇಶದ ತುಂಬ ಹಾಸಿ ಬಿದ್ದಿದೆ. ನಮ್ಮ ಕಡೆ ಅನುಕೂಲವಿದ್ದವರ ಮನೆ ಕಲ್ಲಿನ ಗೋಡೆ, ಮಣ್ಣಿನ ಮಾಳಗಿ. ಅದಕ್ಕೆ ಬೆಂಕಿ ಲಗೂನ ಹತ್ತೋದಿಲ್ಲ. ಆ ಕಲ್ಲು ಒಡೆಯುವವರ ಜೋಪಡಿ ಮಾತ್ರ ಹುಲ್ಲು, ತೊಗರಿ ಕಟಗಿ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಪಟ್ಟ ಸಿಕ್ಕಿತು. ತೊಗರಿ ಕಟಗಿಗೆ ಯಾವ ಪಟ್ಟವೂ ಇಲ್ಲ, ಅದು ನಮ್ಮ ಗೋಡೆ, ನಮ್ಮ ಒಲೆಗೆ ಉರುವಲ. ಒಂದು ಕಿಡಿ ಬಿದ್ದರೆ ಗೋಡೆಯೂ ಒಲೆಯೇ ಆಗುತ್ತದೆ.

ಉಗಾದಿ ಹಿಂದುಮುಂದಿನ ಬಿಸಿಲಿನ ಗಾಳಿ ಬೀಸುವಾಗ ಊರಿಗೆಲ್ಲ ಹೆದರಿಕೆ. ರಾಶಿ ಮುಗಿದಿರುತ್ತದೆ, ಕಣಿಕಿ ಬಣವಿ ಒಟ್ಟಿರುತ್ತಾರೆ. ಬೆಂಕಿ ಹತ್ತಿತೆಂದರೆ ಮೊದಲು ಹಲಗಿ ಬಡಿಯಬೇಕು. ಹಲಗಿ ನಮ್ಮದು. ಡಂಗುರಕ್ಕೆ, ಹೆಣಕ್ಕೆ, ಜಾತ್ರೆಗೆ ಬಡಿಯುವ ಹಲಗಿಗೆ ಬೆಂಕಿಯದೇ ಒಂದು ಬೇರೆ ಪೆಟ್ಟು ಇತ್ತಂತೆ, ನಡುವೆ ಬಿಡುವಿಲ್ಲದ ಪೆಟ್ಟು. ಅದು ಕೇಳಿದರೆ ಉಣ್ಣುವ ಗಂಗಾಳ ಬಿಟ್ಟು ಕೇರಿಯ ಗಂಡಸರು ಓಡಬೇಕು. ಓಡದಿದ್ದರೆ ಮರುದಿನ ಕೂಲಿ ಇಲ್ಲ. ಸ್ವಯಂಸೇವಕ ಅನ್ನುವ ದೊಡ್ಡ ಮಾತಿಗೆ ನಮ್ಮ ಊರಲ್ಲಿ ಇದ್ದ ಅರ್ಥ ಇದು. ಇದರ ಹಳೆಯ ಹೆಸರು ಬಿಟ್ಟಿ.

ಬಣವಿಯ ಬೆಂಕಿ ಮನೆಯ ಬೆಂಕಿಯಂತಲ್ಲ. ಮೇಲೆ ಎಷ್ಟು ಕೊಡ ನೀರು ಸುರಿದರೂ ಒಳಗೆ ಉರಿಯುತ್ತಲೇ ಇರುತ್ತದೆ. ಅದನ್ನು ಹಿರಿದು ಚೆಲ್ಲಬೇಕು, ಹತ್ತದೇ ಇರುವ ಬಣವಿಗೂ ಹತ್ತಿದ್ದಕ್ಕೂ ನಡುವೆ ಬಯಲು ಮಾಡಬೇಕು, ಮಣ್ಣು ಎರಚಬೇಕು. ಅದಕ್ಕಿಂತ ಮೊದಲು ಕೊಟ್ಟಿಗೆಯ ದನದ ಕಣ್ಣಿ ಕೊಯ್ಯಬೇಕು. ನೀರು ಸೇದುವವರು ದೂರ ಬಾವಿಯ ಹತ್ತಿರ ಇರುತ್ತಾರೆ. ಹಿರಿಯುವವರು ಬೆಂಕಿಯ ಒಳಗೇ ಇರುತ್ತಾರೆ. ಯಾರು ಎಲ್ಲಿ ನಿಲ್ಲಬೇಕು ಅಂತ ಹೇಳುವವರೇ ಬೇಡ, ಹುಟ್ಟಿದಾಗಲೇ ಅದು ನಿಕ್ಕಿಯಾಗಿತ್ತು.

ನಮ್ಮ ಮುತ್ಯಾ 1972ರ ಬರದಾಗಿನ ಒಂದು ಬೆಂಕಿಯ ಮಾತು ಹೇಳ್ತಿದ್ದ. ಬರದಾಗ ಕಣಿಕಿ ಅಂದರೆ ಬಂಗಾರ. ಒಬ್ಬ ಜಮೀನ್ದಾರನ ಬಣವಿಗೆ ರಾತ್ರಿ ಬೆಂಕಿ ಹತ್ತಿತು. ಮುತ್ಯಾ ಗೋಣಿಚೀಲ ತೋಯಿಸಿ ಹೊತ್ತುಕೊಂಡು ಒಳಗೆ ಹೊಕ್ಕ. ಬಣವಿ ಅರ್ಧ ಉಳಿಯಿತು. ಮುತ್ಯಾನ ಬಲಗೈ ಮೊಣಕೈ ತನಕ ಬೆಂದಿತು. "ಆವಾಗ ಬೆಂಕಿ ಆರಸೋ ಗಾಡಿ ಇದ್ದಿಲ್ಲೇನು ಮುತ್ಯಾ?" ಅಂತ ನಾವು ಕೇಳಿದರೆ, "ಎಲ್ಲೀ ಗಾಡಿನೋ ಯಪ್ಪಾ, ನಾವೇ ಗಾಡಿ" ಅಂತಿದ್ದ. ಮರುದಿನ ಪಂಚನಾಮೆಗೆ ಬಂದವರು ಸುಟ್ಟ ಕಣಿಕಿ ಇಷ್ಟು, ಮುರಿದ ಬಂಡಿ ಒಂದು ಅಂತ ಬರಕೊಂಡು ಹೋದರು. ಕೈ ಬರೀಲಿಲ್ಲ. ಬೇವಿನೆಣ್ಣಿ ಹಚ್ಚಿಕೊಂಡು ಮುತ್ಯಾ ಎರಡು ತಿಂಗಳು ಕೂಲಿ ಇಲ್ಲದೆ ಕೂತ. ಒಂದು ಸೇರು ಜೋಳ ಕೊಟ್ಟಿದ್ದರು ಅನ್ನೋದನ್ನ ಆಯಿ ಕಡೇ ತನಕ ಮರೀಲಿಲ್ಲ. ಉಪಕಾರ ಅಂತಲ್ಲ, ಅದು ಹುಳ ಹಿಡಿದ ಜೋಳ ಅಂತ.

ಇನ್ನು ಕೇರಿಗೇ ಬೆಂಕಿ ಬಿದ್ದ ದಿನದ ಮಾತು. ಇದನ್ನು ಆಯಿ ಹೇಳಿದ್ದು. ಊರವರು ಬರಲಿಲ್ಲ ಅಂತ ಹೇಳಿದರೆ ಸುಳ್ಳಾದೀತು. ಬಂದರು. ಊರ ಬಾವಿ ಹತ್ತಿರವೇ ಇತ್ತು, ನಾವು ಮುಟ್ಟುವ ಹಾಗಿರಲಿಲ್ಲ. ಅವರು ಸೇದಿದರು. ಸೇದಿ ತಮ್ಮ ಕೊಡ ಹೊತ್ತು ಕೇರಿಯ ಅಂಚಿಗೆ ಬಂದು ನಿಂತರು. ನಮ್ಮ ಹೆಣ್ಣುಮಕ್ಕಳು ಮಣ್ಣಿನ ಕೊಡ ನೆಲಕ್ಕಿಟ್ಟು ಹಿಂದೆ ಸರಿಯಬೇಕು, ಅವರು ಮೇಲಿಂದ ಸುರಿಯಬೇಕು, ಅವರು ಸರಿದ ಮೇಲೆ ನಮ್ಮವರು ಎತ್ತಿಕೊಂಡು ಓಡಬೇಕು. ಕೊಡ ಕೊಡಕ್ಕೆ ತಾಗಬಾರದು. "ಅರ್ಧ ನೀರು ನೆಲಕ್ಕೇ ಹೋತವ್ವಾ, ಅಷ್ಟೊತ್ತಿಗೆ ಮತ್ತೊಂದು ಜೋಪಡಿ ಹೋತು" ಅಂತಿದ್ದಳು ಆಯಿ. ಎದುರಿಗೆ ಮನೆ ಉರಿಯುವಾಗಲೂ ಮಡಿ ಮರೆಯದವರ ನೆನಪಿನ ಶಕ್ತಿಯನ್ನು ಮೆಚ್ಚಲೇಬೇಕು. 1950ರಲ್ಲಿ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತ್ತು, 1955ರಲ್ಲಿ ಅದಕ್ಕೆಂದೇ ಕಾಯಿದೆ ಬಂದಿತ್ತು. ಎರಡೂ ಆ ಬಾವಿಕಟ್ಟೆಯ ತನಕ ಇನ್ನೂ ನಡೆದು ಬಂದಿರಲಿಲ್ಲ.

ಇದು ನಮ್ಮ ಊರಿನದಷ್ಟೇ ಕತೆ ಅಂತ ನಾವು ತಿಳಿದಿದ್ದೆವು. ಕಾಲೇಜಿನ ಲೈಬ್ರರಿಯಲ್ಲಿ ಅಮೆರಿಕದ ಕರಿಯರ ಇತಿಹಾಸ ಓದಿದ ಮೇಲೆ ಗೊತ್ತಾಯಿತು, ಈ ಬಾವಿಗೆ ಸಮುದ್ರದಾಚೆಯೂ ಒಂದು ಕಟ್ಟೆ ಇದೆ. ಫಿಲಡೆಲ್ಫಿಯಾ ಊರಿನಲ್ಲಿ 1736ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಗೆಳೆಯರು ಬೆಂಕಿ ಆರಿಸುವ ಸ್ವಯಂಸೇವಕರ ಕೂಟ ಕಟ್ಟಿದರು. ಪ್ರತಿಯೊಬ್ಬನೂ ತೊಗಲಿನ ಬಕೀಟು ಇಟ್ಟುಕೊಂಡಿರಬೇಕು ಅಂತ ಕರಾರು. ನೋಡಿ, ತೊಗಲು ಅಲ್ಲಿ ಮೈಲಿಗೆಯಾಗಲಿಲ್ಲ. ಆದರೆ ಅದೇ ಊರಿನ ಕರಿಯರು 1818ರಲ್ಲಿ ತಮ್ಮದೊಂದು ಅಗ್ನಿದಳ ಕಟ್ಟಲು ಹೊರಟಾಗ ಬಿಳಿಯರ ದಳಗಳು ಒಕ್ಕೊರಲಿನಿಂದ ವಿರೋಧಿಸಿದವು. ದಳ ಹುಟ್ಟುವ ಮೊದಲೇ ಸತ್ತಿತು. ಮುಂದೆ 1838ರ ಮೇ 14ರಂದು ಗುಲಾಮಗಿರಿ ವಿರೋಧಿಗಳು ಅಲ್ಲಿ ಪೆನ್ಸಿಲ್ವೇನಿಯಾ ಹಾಲ್ ಎಂಬ ಸಭಾಭವನ ತೆರೆದರು. ಮೂರೇ ದಿನಕ್ಕೆ, 17ರ ರಾತ್ರಿ, ಗುಂಪು ಅದಕ್ಕೆ ಬೆಂಕಿ ಇಟ್ಟಿತು. ಬೆಂಕಿ ಆರಿಸುವವರು ಬಂದರು. ಅಕ್ಕಪಕ್ಕದ ಕಟ್ಟಡಗಳಿಗೆ ನೀರು ಹೊಡೆದರು. ಸಭಾಭವನ ಉರಿಯಲಿಕ್ಕೆ ಬಿಟ್ಟರು.

ಆರಿಸದೆ ನಿಂತವರ ಮಾತು ಇದಾದರೆ, ಹಚ್ಚಿದವರ ಮಾತು ಬೇರೆ ಇದೆ. 1968ರ ಡಿಸೆಂಬರ್ 25ರಂದು ತಮಿಳುನಾಡಿನ ಕೀಳ್ವೆಣ್ಮಣಿಯಲ್ಲಿ ಒಂದು ಗುಡಿಸಲಿನೊಳಗೆ 44 ಮಂದಿ ದಲಿತರು ಸುಟ್ಟು ಸತ್ತರು. 2000ದ ಮಾರ್ಚ್ 11ರಂದು ನಮ್ಮದೇ ರಾಜ್ಯದ ಕಂಬಾಲಪಲ್ಲಿಯಲ್ಲಿ 7 ಮಂದಿ. ಆ ಕೇಸಿನ ಆರೋಪಿಗಳು 2006ರಲ್ಲಿ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿ ಹಿಡಿಯಿತು. 1989ರ ದೌರ್ಜನ್ಯ ತಡೆ ಕಾಯಿದೆ ತೆಗೆದು ನೋಡಿ. ದಲಿತರ ಮನೆಗೆ ಬೆಂಕಿ ಇಡುವುದಕ್ಕೆ ಅದರಲ್ಲಿ ಬೇರೆಯೇ ಕಲಮು ಇದೆ, ಜೀವಾವಧಿ ಶಿಕ್ಷೆ ಇದೆ. ಒಂದು ದೇಶ ಇಂಥ ಕಲಮು ಬರೆಯಬೇಕಾಗಿ ಬಂತೆಂದರೆ ಎಷ್ಟು ಕೇರಿ ಸುಟ್ಟಿರಬೇಕು, ಗೆಳೆಯರೇ.

ಏಪ್ರಿಲ್ 14 ನಮಗೆಲ್ಲ ಬಾಬಾಸಾಹೇಬರು ಹುಟ್ಟಿದ ದಿನ. ಅದೇ ದಿನ ದೇಶಕ್ಕೆ ಅಗ್ನಿಶಾಮಕ ಸೇವೆಯ ದಿನವೂ ಹೌದು. 1944ರ ಏಪ್ರಿಲ್ 14ರಂದು ಬೊಂಬಾಯಿ ಬಂದರಿನಲ್ಲಿ ಫೋರ್ಟ್ ಸ್ಟಿಕಿನ್ ಎಂಬ ಹಡಗಿಗೆ ಬೆಂಕಿ ಹತ್ತಿತು. ಒಳಗೆ ಹತ್ತಿ, ಅದರ ಜೊತೆಗೇ ಮದ್ದುಗುಂಡು. ಆರಿಸಲು ಹೋದ 66 ಮಂದಿ ಅಗ್ನಿಶಾಮಕರು ಸಿಡಿತದಲ್ಲಿ ಸತ್ತರು. ಅವರ ನೆನಪಿಗೆ ಆ ದಿನ. ಬಾಬಾಸಾಹೇಬರು ಆಗ ವೈಸರಾಯ್ ಮಂಡಲಿಯಲ್ಲಿ ಕಾರ್ಮಿಕ ಖಾತೆ ನೋಡುತ್ತಿದ್ದರು. ಜಯಂತಿಯ ಮೆರವಣಿಗೆಯಲ್ಲಿ ನಾವು ಹಲಗಿ ಬಡಿದು ಕುಣಿಯುತ್ತೇವೆ, ಡಿಜೆಯೂ ಬಂದಿದೆ. ಈ 66 ಮಂದಿಯನ್ನು ಯಾರೂ ನೆನೆಯುವುದಿಲ್ಲ. ನೆನೆದರೆ ಜಯಂತಿಗೆ ಕುಂದಾಗಲಾರದು ಅಂತ ನಮ್ಮ ಅನಿಸಿಕೆ.

ಕಾನೂನಿನ ಮಾತಿಗೆ ಬಂದರೆ, ನಮ್ಮ ರಾಜ್ಯಕ್ಕೆ 1964ರ ಅಗ್ನಿಶಾಮಕ ದಳದ ಕಾಯಿದೆ ಇದೆ. ಆದರೆ ಸಂವಿಧಾನದ ಕಡೆಯ ಎರಡು ಅನುಸೂಚಿ ಎದುರುಬದುರು ಇಟ್ಟು ಓದಿದರೆ ಹಳ್ಳಿಯ ಗತಿ ತಿಳಿಯುತ್ತದೆ. 1993ರಲ್ಲಿ ಜಾರಿಗೆ ಬಂದ ತಿದ್ದುಪಡಿಗಳು ಪಟ್ಟಣಗಳಿಗೆ 18 ಕೆಲಸದ ಪಟ್ಟಿ ಕೊಟ್ಟವು, ಅದರಲ್ಲಿ ಏಳನೆಯದು ಅಗ್ನಿಶಾಮಕ ಸೇವೆ. ಪಂಚಾಯ್ತಿಗಳಿಗೆ 29 ಬಾಬ್ತಿನ ಪಟ್ಟಿ ಕೊಟ್ಟವು. ಅದರಲ್ಲಿ ಮನೆ ಇದೆ, ಕುಡಿಯುವ ನೀರು ಇದೆ, ಉರುವಲು ಮೇವು ಇದೆ. ಉರಿಯುವುದೆಲ್ಲ ಇದೆ, ಆರಿಸುವ ನೀರೂ ಇದೆ, ಬೆಂಕಿ ಆರಿಸುವುದು ಮಾತ್ರ ಇಲ್ಲ. ವಾಡಿಯಂಥ ಸಿಮೆಂಟಿನ ಊರುಗಳಲ್ಲಿ ಕಾರ್ಖಾನೆಗೆ 2025ರ ತನಕ ಜಾರಿಯಲ್ಲಿದ್ದ 1948ರ ಕಾಯಿದೆ ಬೆಂಕಿಯ ಬಗ್ಗೆ ಎಚ್ಚರಿಕೆ ವಹಿಸಲೇಬೇಕು ಅಂತ ಹೇಳುತ್ತಿತ್ತು. ಕಾರ್ಖಾನೆಗೆ ಕಲ್ಲು ಕೊಟ್ಟ ಹಳ್ಳಿಗೆ ಹಾಗೆ ಹೇಳುವವರಿಲ್ಲ. ಫೋನು ಮಾಡಿದರೆ ಗಾಡಿ ಹೊರಡುತ್ತದೆ, ಅದು ನಿಜ. ಗಾಡಿಯವರ ತಪ್ಪೂ ಅಲ್ಲ. ಗಾಡಿ ರಸ್ತೆ ದಾಟಿ ಬರಬೇಕು, ಹುಲ್ಲು ಅಷ್ಟು ಹೊತ್ತು ಕಾಯುವುದಿಲ್ಲ.

ಹೀಗಾಗಿ ಹೋದ ಬೇಸಿಗೆಗೆ ಮೊದಲು ಕೇರಿಯ ಹುಡುಗರು ಸೇರಿ ಒಂದಿಷ್ಟು ಸಾಮಾನು ಕೂಡಿಸಿದೆವು. ಹನ್ನೆರಡು ಬಕೀಟು, ಎರಡು ಉದ್ದನೆಯ ಕೊಕ್ಕೆ, ಹಗ್ಗ, ನಾಲ್ಕು ಡ್ರಮ್ಮು ಉಸುಕು, ಹಳೇ ಗೋಣಿಚೀಲ. ಹೆಸರು ಇಟ್ಟಿಲ್ಲ, ಬೋರ್ಡು ಬರೆಸಿಲ್ಲ. ಹೆಸರಿಟ್ಟ ಕೂಡಲೇ ಅಧ್ಯಕ್ಷ ಯಾರು ಅಂತ ಜಗಳ ಶುರುವಾಗುತ್ತದೆ, ನಮ್ಮವರನ್ನು ನಾವು ಬಲ್ಲೆವು. ಬಣವಿ ಯಾರದೇ ಇರಲಿ ಹೋಗುವುದು ಅಂತ ಮಾತಾಯಿತು. ಇದರ ಮೇಲೆ ಬಹಳ ವಾದ ನಡೆಯಿತು. ಮುತ್ಯಾನ ಕೈ ಸುಟ್ಟಿದ್ದು ಸಾಲದೇನು, ಮತ್ತೆ ಅವರ ಬಣವಿಗೆ ಯಾಕ ಹೋಗಬೇಕು ಅಂತ ಒಬ್ಬ ಎದ್ದು ನಿಂತ. ಅವನ ಸಿಟ್ಟು ಸುಳ್ಳಲ್ಲ. ಕಡೆಗೆ ಎರಡು ಕರಾರು ಇಟ್ಟೆವು. ಹಲಗಿ ಬಡಿದು ಯಾರೂ ನಮ್ಮನ್ನು ಕರೆಯಬಾರದು, ನಾವಾಗಿ ಬರುತ್ತೇವೆ. ಬಾವಿಯಿಂದ ಬೆಂಕಿಯ ತನಕ ಒಂದೇ ಸಾಲು, ಊರವರು ಕೇರಿಯವರು ನಡುನಡುವೆ ನಿಲ್ಲಬೇಕು, ಬಕೀಟು ಕೈಯಿಂದ ಕೈಗೆ ಹೋಗಬೇಕು.

ಒಂದು ಭಾನುವಾರ ಶಾಲೆಯ ಬಯಲಿನಲ್ಲಿ ಖಾಲಿ ಬಕೀಟು ಹಿಡಿದು ರೂಢಿ ಮಾಡಿದೆವು. ಊರ ಕಡೆಯಿಂದ ನಾಲ್ಕು ಹುಡುಗರು ಬಂದಿದ್ದರು. ಇಬ್ಬರು ಸಾಲಿನಲ್ಲಿ ನಿಂತರು. ಇಬ್ಬರು ಗಿಡದ ಬುಡಕ್ಕೆ ನಿಂತು ನೋಡಿ, ಹೊತ್ತು ಮುಳುಗುವ ಮೊದಲು ಮನೆಗೆ ಹೋದರು.