ನನ್ನದೊಂದು ಪಾನಗೋಷ್ಠಿ

ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಮಧುಪಾನವೂ ಒಂದೆಂದು ನಮ್ಮ ಲಾಕ್ಷಣಿಕರು ವಿಧಿಸಿಬಿಟ್ಟಿದ್ದಾರೆ. ಆದ್ದರಿಂದ ಕನ್ನಡ ಅಧ್ಯಾಪಕನಾದವನಿಗೆ ಅದರ ಪಾಠ ತಪ್ಪಿದ್ದಲ್ಲ. ಇಪ್ಪತ್ತು ವರ್ಷಗಳಿಂದ ನಾನೂ ಹೇಳುತ್ತ ಬಂದಿದ್ದೇನೆ. ಪಂಪನ ಪಾನಗೋಷ್ಠಿಯ ಪದ್ಯಗಳನ್ನು ಅನ್ವಯಿಸಿ, ಅರ್ಥ ಬಿಡಿಸಿ, ಅಲಂಕಾರ ತೋರಿಸಿ, ಗಂಟೆ ಹೊಡೆದ ಮೇಲೆ ಕ್ಯಾಂಟೀನಿಗೆ ಹೋಗಿ ಅರ್ಧ ಲೋಟ ಕಾಫಿ ಕುಡಿದು ಬರುತ್ತೇನೆ. ಹಿಂದಿನ ಬೆಂಚಿನ ಹುಡುಗರು ಏಕೆ ನಗುತ್ತಾರೆಂಬುದು ನನಗೆ ಗೊತ್ತು. ಈ ವಿಷಯದಲ್ಲಿ ಮೇಷ್ಟರಿಗಿಂತ ಅವರೇ ಅನುಭವಸ್ಥರು.

ಇಂಥ ನಾನು 2024ರ ದಸರಾ ರಜೆಯಲ್ಲಿ ಪೋರ್ಚುಗಲ್ಲಿನ ಪೋರ್ಟೊ ನಗರದಲ್ಲಿ, ಆರು ಶೀಸೆಗಳ ಎದುರಿಗೆ ಕುಳಿತದ್ದು ಹೇಗೆಂದು ಹೇಳಬೇಕು. ನನ್ನ ತಮ್ಮ ಅಲ್ಲಿ ಎಂಜಿನಿಯರು. ಅವನ ಮನೆಯ ಮಾಲೀಕರು ನಿವೃತ್ತ ಶಾಲಾ ಉಪಾಧ್ಯಾಯರು. ತಮ್ಮ ದೇಶದ ವೈನುಗಳ ಬಗ್ಗೆ ಅವರಿಗಿದ್ದ ಅಭಿಮಾನ ನಮ್ಮವರಿಗೆ ವ್ಯಾಕರಣದ ಮೇಲಿರುವಂಥದು. ಬಾಡಿಗೆದಾರನ ಅಣ್ಣ ಬಂದಿದ್ದಾನೆ, ಅವನೂ ಮೇಷ್ಟರು ಎಂದು ಕೇಳಿದ್ದೇ ತಡ, ಭಾನುವಾರ ಮಧ್ಯಾಹ್ನ ಬರಲೇಬೇಕೆಂದು ಹೇಳಿ ಕಳುಹಿಸಿದರು.

ನನಗಿದ್ದ ತೊಡಕುಗಳು ಎರಡು. ಮೊದಲನೆಯದು, ಹೊರಡುವ ದಿನ ಅಮ್ಮನಿಗೆ ಕೊಟ್ಟ ಮಾತು. 1888ರಲ್ಲಿ ಗಾಂಧೀಜಿ ಇಂಗ್ಲೆಂಡಿಗೆ ಹೊರಟಾಗ ತಾಯಿಗೆ ಮಾತು ಕೊಟ್ಟ ಕಥೆ ಅಮ್ಮನಿಗೆ ಚೆನ್ನಾಗಿ ಗೊತ್ತು. "ಚಳಿ ಗಿಳಿ ಅಂತ ಏನಾದರೂ ಕುಡಿಸ್ತಾರೆ, ನೀ ಕುಡಿಯಬೇಡ" ಎಂದಳು. ನಲವತ್ತೇಳು ವರ್ಷದ ಮಗ "ಇಲ್ಲಮ್ಮ" ಎಂದ.

ಎರಡನೆಯದು ನನ್ನ ಮೂಗು. 2021ರ ಮೇ ತಿಂಗಳಲ್ಲಿ ಕೋವಿಡ್ ಬಂತು. ಹೋಗುವಾಗ ವಾಸನೆಯನ್ನೂ ಗಂಟುಕಟ್ಟಿಕೊಂಡು ಹೋಯಿತು. ಸಾರೆಂದರೆ ಬರಿಯ ಹುಳಿ, ಉಪ್ಪು, ಖಾರವಾಯಿತು. ಇಂಗೂ ಇಲ್ಲ, ಕರಿಬೇವೂ ಇಲ್ಲ. ವರ್ಷದ ಮೇಲೆ ಕರ್ಪೂರ, ಕಾಫಿ ಹೀಗೆ ಒಂದೆರಡು ಮರಳಿದವು; ಹದಿನಾರಾಣೆಯಲ್ಲಿ ನಾಲ್ಕಾಣೆ ಎನ್ನಿ. ಅದೇ ತಿಂಗಳು ಅಪ್ಪ ತೀರಿಕೊಂಡರು. ತಮ್ಮನಿಗೆ ಬರಲಾಗಲಿಲ್ಲ, ಕಾರ್ಯವನ್ನೆಲ್ಲ ಮೊಬೈಲಿನಲ್ಲಿ ನೋಡಿದ. ಅಪ್ಪನ ಅಂಗಿಗಳನ್ನು ಮಡಿಸುವಾಗ ಒಂದನ್ನು ಮೂಗಿಗೆ ಹಿಡಿದೆ. ನಮ್ಮದು ಮಲೆನಾಡಿನ ಅಡಿಕೆ ತೋಟದ ಮನೆ. ಅಡಿಕೆ ಬೇಯಿಸಿದ ಕೆಂಪು ನೀರಿಗೆ ಚೊಗರು ಎನ್ನುತ್ತೇವೆ. ಒಲೆಯ ಮುಂದೆ ನಿಂತವರ ಬಟ್ಟೆಗೆ ಅದರ ವಾಸನೆ ಹತ್ತಿದರೆ ಎಷ್ಟು ಒಗೆದರೂ ಹೋಗದು. ಆ ದಿನ ನನ್ನ ಮೂಗಿಗೆ ಬಟ್ಟೆಯೊಂದೇ ಸಿಕ್ಕಿತು. ಈ ಸಂಗತಿಯನ್ನು ನಾನು ತಮ್ಮನಿಗೆ ಹೇಳಿರಲಿಲ್ಲ.

ಮೊದಲ ತೊಡಕನ್ನು ತಮ್ಮ ಚಿಟಿಕೆ ಹೊಡೆದು ಪರಿಹರಿಸಿದ. "ಅಣ್ಣಾ, ರುಚಿ ನೋಡೋದು ಬೇರೆ, ಕುಡಿಯೋದು ಬೇರೆ. ಬಾಯಲ್ಲಿ ಹಿಡಿದು ಉಗುಳಿಬಿಡು. ಇದನ್ನೇ ಉದ್ಯೋಗ ಮಾಡಿಕೊಂಡವರೂ ಹಾಗೇ ಮಾಡೋದು." ನಿಜವೇ. ಮೇಜಿನ ಮಧ್ಯೆ ಅದಕ್ಕೆಂದೇ ಒಂದು ಮಣ್ಣಿನ ಹೂಜಿ ಇಟ್ಟಿದ್ದರು. ಎಲೆಯಡಿಕೆಯ ಸೀಮೆಯಿಂದ ಬಂದ ನನಗೆ ಉಗುಳುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಎರಡನೆಯ ತೊಡಕು ಹಾಗೆಯೇ ಉಳಿಯಿತು.

ಆರೂ ಶೀಸೆಗಳು 'ಸೆಕೊ' ಎಂದರು ಮಾಸ್ತರರು. ಸೆಕೊ ಎಂದರೆ ಒಣಗಿದ್ದು. ನೀರಾದ ವಸ್ತು ಒಣಗಿರುವುದು ಹೇಗೆ? ನನ್ನೊಳಗಿನ ಭಾಷಾಶಾಸ್ತ್ರಜ್ಞ ತಲೆಯೆತ್ತಿದ. ತಮ್ಮ ನಡುವೆ ಕುಳಿತು ಭಾಷಾಂತರಿಸಿದ. ದ್ರಾಕ್ಷಿಯ ರಸದಲ್ಲಿರುವ ಸಕ್ಕರೆಯನ್ನು ಯೀಸ್ಟು ತಿಂದು ಮದ್ಯಸಾರವಾಗಿಸುತ್ತದೆ. ಹೆಚ್ಚುಕಡಿಮೆ ಎಲ್ಲವನ್ನೂ ತಿಂದು ಮುಗಿಸಿದರೆ ಅದು ಒಣ ವೈನು. ಲೀಟರಿಗೆ 4 ಗ್ರಾಂ ಸಕ್ಕರೆ ಉಳಿದರೂ ಒಣದೆಂದೇ ಲೆಕ್ಕ. ಆ ಊರಿನ ಹೆಸರನ್ನೇ ಹೊತ್ತ ಪೋರ್ಟ್ ವೈನಿನ ಹಾದಿ ಬೇರೆ. ಹುದುಗು ಅರ್ಧದಲ್ಲಿರುವಾಗಲೇ ದ್ರಾಕ್ಷಿಯ ಸಾರಾಯಿ ಸುರಿದು ಯೀಸ್ಟಿನ ಬಾಯಿ ಕಟ್ಟುತ್ತಾರೆ, ಸಿಹಿ ಉಳಿಯುತ್ತದೆ. ಲೋಕವೆಲ್ಲ ಮೆಚ್ಚಿದ್ದು ಆ ಸಿಹಿಯನ್ನು. "ಸಕ್ಕರೆ ಇದ್ದರೆ ಎಲ್ಲ ಊರೂ ನೆಂಟರ ಹಾಗೆ ಕಾಣುತ್ತೆ" ಎಂದರು ಮಾಸ್ತರರು. "ಅದನ್ನು ತೆಗೆದ ಮೇಲೆ ನೆಲದ ಗುಣ ಗೊತ್ತಾಗೋದು."

ಮೊದಲು ವಾಯವ್ಯ ಮೂಲೆಯ ವಿನ್ಯೊ ವೆರ್ದೆ. 'ಹಸಿರು ವೈನು' ಎಂದು ಹೆಸರು, ಲೋಟದಲ್ಲಿದ್ದದ್ದು ತೆಳು ಹಳದಿ. ಹಸಿರೆಂದರೆ ಎಳೆಯದು ಎಂದು ಅವರು ಸಮಜಾಯಿಷಿ ಕೊಡಲು ಹೊರಟರು. ನನಗೆ ಬೇಕಿರಲಿಲ್ಲ. ಹಸಿ, ಹಸಿರು ಎರಡೂ ಒಂದೇ ಬೇರಿನ ಮಾತುಗಳೆಂದು ಕನ್ನಡದವನಿಗೆ ಹೇಳಿಕೊಡಬೇಕೆ? ಅದು ಮಳೆಯ ಸೀಮೆ, ಗ್ರಾನೈಟಿನ ನೆಲ. ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸುತ್ತಾರೆ. ಹಿಂದಿನವರು ಮರಕ್ಕೇ ಹತ್ತಿಸುತ್ತಿದ್ದರಂತೆ, ನಮ್ಮಲ್ಲಿ ಅಡಿಕೆ ಮರಕ್ಕೆ ಮೆಣಸಿನ ಬಳ್ಳಿಯನ್ನು ಹತ್ತಿಸುವ ಹಾಗೆ. ಈ ಶೀಸೆ ಸ್ಪೇನಿನ ಗಡಿಯ ಮೊನ್ಸಾಂವ್ ಕಡೆಯದು, ಅಲ್ವಾರಿನ್ಯೊ ಎಂಬ ದ್ರಾಕ್ಷಿಯದು. ಕಂಚಿಕಾಯಿಯ ಹುಳಿ ನಾಲಗೆಯ ಅಂಚಿಗೆ ಚುರುಕ್ಕೆಂದಿತು. ಮೂಗು ಸುಮ್ಮನಿತ್ತು. ಪೀಚ್ ಹಣ್ಣು, ಕಿತ್ತಲೆಯ ಹೂವು ಎಂದೆಲ್ಲ ಅವರು ಹೇಳಿದಾಗ ತಲೆದೂಗಿದೆ. ಸಂಗೀತ ಬಾರದವನು ಸಭೆಯಲ್ಲಿ ತಲೆದೂಗುವುದಿಲ್ಲವೆ? ಹಾಗೆ.

ದೋರೊ ಕಣಿವೆಯ ಕೆಂಪು ವೈನಿನ ಬಗ್ಗೆ ಹೆಚ್ಚು ಹೇಳಬೇಕು. ಆ ನೆಲವನ್ನು ಕಣ್ಣಾರೆ ಕಂಡಿದ್ದೆ. ಎರಡು ದಿನದ ಹಿಂದೆ ತಮ್ಮನೂ ನಾನೂ ನದಿಯ ದಂಡೆಗುಂಟ ರೈಲಿನಲ್ಲಿ ಪಿನ್ಯಾಂವ್ ಎಂಬ ಸ್ಟೇಷನ್ನಿಗೆ ಹೋಗಿದ್ದೆವು. ಅದರ ಗೋಡೆಯ ತುಂಬ ನೀಲಿ ಹೆಂಚುಗಳಲ್ಲಿ ದ್ರಾಕ್ಷಿ ಕೊಯ್ಲಿನ ಚಿತ್ರಗಳು. ಇಕ್ಕೆಲದ ಬೆಟ್ಟಗಳನ್ನು ಬುಡದಿಂದ ನೆತ್ತಿಯವರೆಗೆ ಮೆಟ್ಟಿಲು ಕಡಿದು ಬಳ್ಳಿ ನೆಟ್ಟಿದ್ದಾರೆ. ಅಲ್ಲಿ ಮಣ್ಣೆಂಬುದಿಲ್ಲ, ಪುಸ್ತಕ ನಿಲ್ಲಿಸಿದಂತೆ ಹಾಳೆಹಾಳೆಯಾಗಿ ನಿಂತ ಕಲ್ಲು. ಅದರ ಸಂದಿನಲ್ಲಿ ಬೇರು ಆಳಕ್ಕೆ ಇಳಿದು ನೀರು ಹುಡುಕುತ್ತದೆ. ಪೊಂಬಾಲನ ಆಡಳಿತದಲ್ಲಿ, 1756ರಲ್ಲಿಯೇ ಈ ಸೀಮೆಗೆ ಗಡಿ ಗೊತ್ತುಮಾಡುವ ಕೆಲಸ ಮೊದಲಾಯಿತು. ಮುಂದೆ ಶತಮಾನಗಳ ಕಾಲ ಇಲ್ಲಿಯ ಒಳ್ಳೆಯ ದ್ರಾಕ್ಷಿಯೆಲ್ಲ ಪೋರ್ಟಿಗೇ ಹೋಯಿತು. ಒಣ ವೈನು ಮನೆಮಂದಿಯ ಪಾಲಿನದು. 1952ರಲ್ಲಿ ಫೆರ್ನಾಂದೊ ನಿಕೊಲಾವ್ ದಿ ಅಲ್ಮೈದಾ ಎಂಬವರು 'ಬಾರ್ಕಾ ವೆಲ್ಯಾ' ಎಂಬ ಒಣ ವೈನನ್ನು ಮಾಡಿದ ಮೇಲೆಯೇ ಅದಕ್ಕೂ ಮರ್ಯಾದೆ ಬಂದದ್ದು. ನಮ್ಮ ಎದುರಿಗಿದ್ದದ್ದು ಆ ದುಬಾರಿ ಶೀಸೆಯಲ್ಲ. ಮೇಷ್ಟರ ಪಿಂಚಣಿ ಎಲ್ಲ ದೇಶದಲ್ಲೂ ಒಂದೇ. ಬಾಯಿ ತುಂಬುವ ಗಡುಸು, ಕೊನೆಗೆ ಗಂಟಲಲ್ಲಿ ಸ್ವಲ್ಪ ಬಿಸಿ. ಉಗುಳಿದ ಮೇಲೂ ಬೆಟ್ಟ ಹತ್ತಿದ ದಣಿವಿನಂಥದೊಂದು ಉಳಿಯಿತು.

ಬೆಟ್ಟಗಳ ನಡುವಣ ದಾಂವ್ ಸೀಮೆಯ ಬಿಳಿ ವೈನು ಒಳ್ಳೆಯವರ ಮನೆಯ ಹುಡುಗನಂತೆ ಬಂದು ಹೋಯಿತು. ಮಾಸ್ತರರಿಗೆ ಅದೇ ಅಚ್ಚುಮೆಚ್ಚು. ನನಗೆ ಹೇಳಲು ಏನೂ ಇಲ್ಲ.

ನಾಲ್ಕನೆಯದು ಬೈರಾದದ್ದು. ಸಮುದ್ರಕ್ಕೆ ಹತ್ತಿರದ ಜೇಡಿ ಮತ್ತು ಸುಣ್ಣದ ನೆಲ. ಬಾಗ ಎಂಬ ಸಣ್ಣ ಕಪ್ಪು ದ್ರಾಕ್ಷಿ. ಬಾಯಿಗೆ ಹಾಕಿದ್ದೇ ಒಸಡು, ಕೆನ್ನೆ, ನಾಲಗೆ ಎಲ್ಲ ಒಟ್ಟಿಗೆ ಹಿಡಿದುಕೊಂಡವು. ಎಳೆಯ ಅಡಿಕೆ ಜಗಿದಂತೆ! ಮಾಸ್ತರರು ಕೈ ತಿರುಗಿಸಿ, ತುಟಿ ಬಿಗಿದು, ಟ್ಯಾನಿನ್ ಎಂಬ ರಾಸಾಯನಿಕವನ್ನು ಎಳೆದು ತಂದು ವಿವರಿಸತೊಡಗಿದರು. ನಾನು ಕೈಯೆತ್ತಿ ತಡೆದೆ. "ಒಗರು" ಎಂದೆ. ನಮ್ಮಲ್ಲಿ ರಸಗಳು ಆರು, ಇದು ಆರನೆಯದು. ಹಳ್ಳಿಯ ಕೂಸಿಗೂ ಈ ಮಾತು ಗೊತ್ತು, ನೆಲ್ಲಿಕಾಯಿ ಕೊಟ್ಟರೆ ಸಾಕು ಎಂದು ತಮ್ಮನ ಮೂಲಕ ಹೇಳಿಸಿದೆ. ಸಂಸ್ಕೃತದಲ್ಲಿ ಇದೇ ರಸಕ್ಕೆ ಕಷಾಯವೆಂದು ಹೆಸರು. ಆ ಮಾತು ನಮ್ಮ ಮನೆಗಳಿಗೆ ಬಂದು ನೆಗಡಿಯ ಮದ್ದಾಯಿತು. ಅವರು "ಓಗರು, ಓಗರು" ಎಂದು ಎರಡು ಸಲ ಹೇಳಿ ಚೀಟಿಯಲ್ಲಿ ಬರೆದುಕೊಂಡರು. ಚಾವಿ, ಪಾದ್ರಿ, ಬಟಾಟೆ, ಅನಾನಸು, ಮೇಸ್ತ್ರಿ ಹೀಗೆ ಅವರಿಂದ ಎಷ್ಟೋ ಮಾತುಗಳನ್ನು ಸಾಲ ತಂದಿದ್ದೇವೆ. ಒಂದನ್ನಾದರೂ ತೀರಿಸಿದೆನಲ್ಲಾ ಎಂದು ನನಗೆ ಹೆಮ್ಮೆ.

ದಕ್ಷಿಣದ ಅಲೆಂತೆಜೊ ಬಯಲಿನದು ಐದನೆಯ ಶೀಸೆ. ಬಿರುಬಿಸಿಲು, ಬೂಚಿನ ಮರಗಳ ಸೀಮೆ. ಆಳೆತ್ತರದ ಮಣ್ಣಿನ ಗುಡಾಣಗಳಲ್ಲಿ ಸಿಪ್ಪೆಯ ಸಮೇತ ಹುದುಗಿಸಿ, ನವೆಂಬರ್ 11ರ ಸಂತ ಮಾರ್ಟಿನನ ಹಬ್ಬದ ದಿನ ಬಾಯಿ ತೆರೆಯುವ ಪದ್ಧತಿ ಅಲ್ಲಿ ಇನ್ನೂ ಇದೆ. ನಾಲಗೆಯ ಮೇಲೆ ಮಡಕೆಯ ನೀರಿನ ತಂಪು ಸುಳಿದಂತಾಯಿತು. ಕಲ್ಪನೆಯೂ ಇರಬಹುದು.

ಕೊನೆಗೆ ಅರ್ಧ ಲೀಟರಿನ ಚಿಕ್ಕ ಶೀಸೆ. ಕೊಲಾರೆಸ್ ಎಂಬ ಊರಿನದು. ಹೆಸರು ಕೇಳಿದರೆ ನಮ್ಮ ಕೋಲಾರದ ದಾಯಾದಿ; ಇರುವುದು ಲಿಸ್ಬನ್ನಿನ ಪಡುವಣಕ್ಕೆ, ಅಟ್ಲಾಂಟಿಕ್ ಸಮುದ್ರದ ಅಂಚಿನ ಮರಳಿನಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರ ಎಂಬ ಹೇನು ಯೂರೋಪಿನ ದ್ರಾಕ್ಷಿಯ ಬೇರುಗಳನ್ನು ತಿಂದು ಹಾಕಿತು. ಅಲ್ಲಿಯ ತೋಟಗಳು ಬಹುಪಾಲು ಇಂದಿಗೂ ಅಮೆರಿಕದ ಬೇರಿಗೆ ಕಸಿ ಮಾಡಿದವು. ಮರಳಿನಲ್ಲಿ ಮಾತ್ರ ಆ ಹೇನು ಬದುಕದು. ಕೊಲಾರೆಸ್ಸಿನ ರಮಿಸ್ಕೊ ಬಳ್ಳಿ ಇವತ್ತಿಗೂ ತನ್ನ ಬೇರಿನ ಮೇಲೆಯೇ ನಿಂತಿದೆ. ಮರಳನ್ನು ಆಳಕ್ಕೆ ತೋಡಿ, ಕೆಳಗಿನ ಜೇಡಿಯಲ್ಲಿ ಬುಡ ಊರಬೇಕು. ಕಡಲ ಗಾಳಿಗೆ ಬೇಲಿ ಕಟ್ಟಬೇಕು. ಇಷ್ಟು ಪಾಡು ಯಾರಿಗೆ ಬೇಕು? ತೋಟಗಳು ಕರಗಿ ಮನೆಗಳೆದ್ದಿವೆ, ಉಳಿದದ್ದು ಸ್ವಲ್ಪ. ಈ ವೈನು ಎಳೆಯದಾಗಿದ್ದಾಗ ಬಾಯಿಗಿಡಲಾಗದಷ್ಟು ಒಗರಂತೆ. ಮಾಸ್ತರರು ಇದನ್ನು ಹದಿನೈದು ವರ್ಷ ಅಟ್ಟದ ಕೆಳಗಿನ ಕತ್ತಲೆಯಲ್ಲಿ ಇಟ್ಟುಕೊಂಡಿದ್ದರು.

ಲೋಟವನ್ನು ಮೂಗಿಗೆ ಹಿಡಿದೆ, ಮರ್ಯಾದೆಗೆಂದು. ಏನೋ ಇತ್ತು. ಮತ್ತೆ ಹಿಡಿದೆ. ಹಸಿ ಸೌದೆಯ ಹೊಗೆ, ತಾಮ್ರದ ಹಂಡೆಯ ಆವಿ, ಬೆಳಗಿನ ಜಾವದ ಅಂಗಳ. ಒಂದು ಗುಟುಕು ತೆಗೆದುಕೊಂಡೆ; ಒಗರು ಮೆಲ್ಲಗೆ ಹಿಡಿಯಿತು, ಅದರ ಹಿಂದೆಯೇ ಆ ವಾಸನೆ ಗಂಟಲಿನಿಂದ ಮೂಗಿಗೆ ಏರಿತು.

"ಏನಣ್ಣಾ?" ಎಂದ ತಮ್ಮ.

"ಚೊಗರು."

ಅವನು ನನ್ನ ಕೈಯಿಂದ ಲೋಟ ತೆಗೆದುಕೊಂಡು ಬಹಳ ಹೊತ್ತು ಮೂಸಿದ. ಅಪ್ಪನ ಅಂಗಿಯ ಸಂಗತಿಯನ್ನು ಆಗ ಹೇಳಿದೆ. ಅವನು ಭಾಷಾಂತರಿಸಲಿಲ್ಲ. ಮಾಸ್ತರರೂ ಏನೆಂದು ಕೇಳಲಿಲ್ಲ. ಎದ್ದು ಹೋಗಿ ಬ್ರೆಡ್ಡನ್ನು ಕತ್ತರಿಸತೊಡಗಿದರು. "ನನಗೆ ಅಷ್ಟು ಗೊತ್ತಾಗ್ತಾ ಇಲ್ಲ ಅಣ್ಣಾ" ಎಂದು ತಮ್ಮ ಲೋಟವನ್ನು ಹಿಂದಕ್ಕೆ ಕೊಟ್ಟ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿ ತೆಗೆದುಕೊಂಡ. ಆ ಗುಟುಕು ಹೂಜಿಗೆ ಹೋಗಲಿಲ್ಲವೆಂಬುದು ನನಗೆ ಹೊಳೆದದ್ದು ಎಷ್ಟೋ ಹೊತ್ತಿನ ಮೇಲೆ.

ಮರುದಿನ ಬೆಳಿಗ್ಗೆ ಅಮ್ಮನಿಗೆ ಫೋನು ಮಾಡಿದೆವು. ಊರಿನಲ್ಲಿ ಮೊದಲ ಕೊಯ್ಲು ಆಗಿ, ಹಿಂದಿನ ದಿನವೇ ಹಂಡೆ ಏರಿಸಿದ್ದರಂತೆ. "ನನ್ನ ಮೂಗು ಬರ್ತಾ ಇದೆ ಅಮ್ಮ" ಎಂದೆ.

"ಹೌದೇನೋ? ಯಾವುದರಿಂದ ಬಂತು?"

"ಸಮುದ್ರದ ಗಾಳಿಯಿಂದ ಇರಬೇಕು" ಎಂದೆ. ತಮ್ಮ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ನಗುತ್ತಿದ್ದ.