ಬೀಗ ಹಾಕಿದ ಮನೆಯ ನಾಯಿ

ಮದುವೆಯ ಕಾಲ ಬಂತೆಂದರೆ ನಮ್ಮ ರಾಯದುರ್ಗದ ಓಣಿಯಲ್ಲಿ ಅರ್ಧ ಮನೆಗಳಿಗೆ ಬೀಗ ಬೀಳುತ್ತದೆ. ಶನಿವಾರ ಬೆಳಗಾಗುವಷ್ಟರಲ್ಲಿ ಜನ ಬಳ್ಳಾರಿ ಕಡೆಗೋ ಕಲ್ಯಾಣದುರ್ಗದ ಕಡೆಗೋ ಬಸ್ಸು ಹತ್ತಿರುತ್ತಾರೆ. ಅವರ ನಾಯಿ, ಬೆಕ್ಕು, ಕೋಳಿ, ಆಡುಗಳು ಬೀಗ ಬೀಳದ ಇನ್ನರ್ಧ ಮನೆಗಳಿಗೆ ಬಂದು ಸೇರಿರುತ್ತವೆ. ‘ಸೋಮವಾರ ಬಂದುಬಿಡ್ತೀವ್ರಿ, ಅಲ್ಲಿತನ ಒಂಚೂರು ನೋಡ್ಕಳ್ರಿ’ ಅಂದರೆ ಕರಾರು ಮುಗಿಯಿತು. ಕೂಲಿಯ ಮಾತಿಲ್ಲ. ಬರುವಾಗ ತಾಂಬೂಲದ ಚೀಲ ತರುತ್ತಾರೆ. ಅದರಲ್ಲಿ ಒಂದು ತೆಂಗಿನಕಾಯಿ, ಕೈಯಲ್ಲಿ ಹಿಡಿದರೆ ಪುಡಿಯಾಗುವ ಎರಡು ಲಾಡು.

ನಾನು ಬೀಗ ಬೀಳದ ಅರ್ಧದವನು. ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ ಮದುವೆಗಳ ಮೇಲಿನ ಆಸೆ ಕಡಿಮೆಯಾಗಿದೆ, ಮಂಡಿನೋವು ಅದಕ್ಕೆ ಒಳ್ಳೆಯ ನೆಪ. ಭಾನುವಾರ ಸಂಜೆ ಓಣಿಯ ಕೊನೆಯ ಬೇವಿನಕಟ್ಟೆಯ ಮೇಲೆ ನನ್ನಂಥವರು ಸೇರುತ್ತೇವೆ. ಎದುರಿನ ಅಂಗಡಿಯಿಂದ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬರುತ್ತವೆ. ಆಮೇಲೆ ಮಾತು. ಬೇರೆ ದಿನಗಳಲ್ಲಿ ರಾಜಕೀಯವೋ ಮಳೆಯೋ ಇರುತ್ತದೆ. ಭಾನುವಾರ ಮಾತ್ರ ಪ್ರಾಣಿಗಳದ್ದೇ ಸುದ್ದಿ, ಅದೂ ಪರರ ಮನೆಯ ಪ್ರಾಣಿಗಳದ್ದು.

ಒಡೆಯರು ತಮ್ಮ ಪ್ರಾಣಿಯ ಬಗ್ಗೆ ಮಾತಾಡುವುದನ್ನೂ ನಾನು ಕೇಳಿದ್ದೇನೆ. ಎಷ್ಟು ಕೊಟ್ಟು ತಂದೆ, ಸೂಜಿ ಹಾಕಿಸಲು ಎಷ್ಟಾಯಿತು, ಯಾವ ಜಾತಿ, ರಾತ್ರಿಯೆಲ್ಲ ಬೊಗಳಿ ನಿದ್ದೆ ಕೆಡಿಸಿತು. ಅರ್ಧ ಲೆಕ್ಕ, ಅರ್ಧ ದೂರು. ಎರಡು ದಿನಕ್ಕೆ ಇಟ್ಟುಕೊಂಡವರ ಬಾಯಲ್ಲಿ ಅದೇ ನಾಯಿ ಬೇರೆಯೇ ಆಗಿಬಿಡುತ್ತದೆ.

ಓಣಿಯ ಟೈಲರನ ಕಥೆ ಕೇಳಿ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಮಷಿನಿನ ಸದ್ದು ಬರದ ಬೀದಿ ಕಡಿಮೆ. ಇವನೂ ಮನೆಯ ಮುಂದಿನ ಕೋಣೆಯಲ್ಲಿ ಮಷಿನ್ ಹಾಕಿಕೊಂಡವನು. ಇವನಿಗೆ ಕೆಲಸ ಕೊಡುವ ಸಾಹುಕಾರರು ಊರಿಗೆ ಹೋಗುವಾಗಲೆಲ್ಲ ತಮ್ಮ ಲ್ಯಾಬ್ರಡಾರನ್ನು ಇವನ ಬಾಗಿಲಲ್ಲಿ ಕಟ್ಟಿ ಹೋಗುತ್ತಾರೆ. ಕೆನಡಾದ ನ್ಯೂಫೌಂಡ್‌ಲೆಂಡಿನ ಚಳಿಗಡಲಿನಲ್ಲಿ ಮೀನುಗಾರರಿಗೆ ನೆರವಾಗುತ್ತಿದ್ದ ನಾಯಿಗಳ ವಂಶ ಅದು. ವರ್ಷಕ್ಕೆ 550 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಅನಂತಪುರ ಸೀಮೆಯಲ್ಲಿ, ಮೇ ತಿಂಗಳಲ್ಲಿ, ತಗಡಿನ ಮಾಡಿನ ಕೆಳಗೆ ಅದು ಏನು ಮಾಡಬೇಕು? ಟೈಲರ್ ಗೋಣಿಚೀಲ ಒದ್ದೆ ಮಾಡಿ ಹಾಸಿದ. ಮೂಸಿ ನೋಡಿ ಬಿಟ್ಟಿತಂತೆ. ಕತ್ತರಿಸಿ ಬಿದ್ದ ಜೀನ್ಸ್ ಚೂರುಗಳ ಗುಡ್ಡೆಯನ್ನು ಮುಂಗಾಲಲ್ಲಿ ಕೆದರಿ, ಮೂರು ಸುತ್ತು ಸುತ್ತಿ, ನಡುವೆ ಗುಂಡಿ ಮಾಡಿಕೊಂಡು ಮಲಗಿತು. ಮಷಿನ್ ಓಡುವಷ್ಟು ಹೊತ್ತೂ ಗಾಢ ನಿದ್ದೆ. ಬಾಬಿನ್ನಿನ ದಾರ ಮುಗಿದು ಮಷಿನ್ ನಿಂತರೆ ಒಂದು ಕಣ್ಣು ತೆರೆಯುವುದು, ಮತ್ತೆ ಶುರುವಾದರೆ ಮುಚ್ಚುವುದು.

‘ಎರಡು ದಿನ ನನಗ ಮೇಸ್ತ್ರಿ ಆಗಿತ್ತು ನೋಡ್ರಿ ಸಾರ್. ಬೀಡಿ ಸೇದಾಕ ಎದ್ರೂ ಕಣ್ಣು ಬಿಡ್ತಿತ್ತು.’

ಅದರ ಜೊತೆಗೆ ಬಂದಿದ್ದ ಪ್ಯಾಕೆಟ್ಟಿನ ಆಹಾರವನ್ನು ಅದು ಮುಟ್ಟಲಿಲ್ಲ. ಟೈಲರನ ಹೆಂಡತಿ ಜೋಳದ ರೊಟ್ಟಿ ತಟ್ಟುವ ಸದ್ದು ಕೇಳಿ ಒಲೆಯ ಹತ್ತಿರ ಹೋಗಿ ಕೂತಿತು. ಮೊದಲನೆಯ ರೊಟ್ಟಿ ಯಾವಾಗಲೂ ಸರಿಯಾಗಿ ಉಬ್ಬುವುದಿಲ್ಲವಲ್ಲ, ಅದು ನಾಯಿಗೆ ಹೋಯಿತು. ಎರಡನೆಯದು ಚೆನ್ನಾಗಿಯೇ ಉಬ್ಬಿತ್ತು, ಅದೂ ನಾಯಿಗೇ ಹೋಯಿತು. ಸೋಮವಾರ ಸಾಹುಕಾರರ ಮನೆಯಲ್ಲಿ ನಾಯಿಯ ಉಪವಾಸ ಶುರು. ‘ನಿಮ್ಮನ್ನ ಬಿಟ್ಟಿದ್ದಕ್ಕ ಬ್ಯಾಸರ ಮಾಡ್ಕಂಡೈತ್ರಿ’ ಎಂದು ಟೈಲರ್ ಸಮಾಧಾನ ಹೇಳಿ ಕಳಿಸಿದನಂತೆ. ರೊಟ್ಟಿಯ ವಿಷಯ ಕಟ್ಟೆ ಬಿಟ್ಟು ಹೊರಗೆ ಹೋಗಿಲ್ಲ.

ನಮ್ಮ ಕಟ್ಟೆಯ ಹಿರಿಯಳು ದೊಡ್ಡವ್ವ. ಅವಳ ಪಕ್ಕದ ಮನೆಯವರು ಕಾವಿಗೆ ಕೂತ ಕೋಳಿಯನ್ನು ಬುಟ್ಟಿಯ ಸಮೇತ ಅವಳ ಪಡಸಾಲೆಗೆ ತಂದಿಟ್ಟು ಬಳ್ಳಾರಿಗೆ ಹೋಗಿದ್ದರು. ಕಾವಿಗೆ 21 ದಿನ. ದಿನದ ಲೆಕ್ಕದಲ್ಲಿ ಒಡತಿ ತಪ್ಪಿದ್ದಳೋ ಕೋಳಿಯೇ ಅವಸರ ಮಾಡಿತೋ, ಅಂತೂ ಭಾನುವಾರವೇ ಮೊಟ್ಟೆ ಒಡೆಯತೊಡಗಿದವು. ದೊಡ್ಡವ್ವ ಹಿಂದಿನ ದಿನವೇ ಅನುಮಾನಿಸಿ, ಉಗುರುಬೆಚ್ಚಗಿನ ನೀರಲ್ಲಿ ಒಂದು ಮೊಟ್ಟೆ ತೇಲಿಬಿಟ್ಟು ನೋಡಿದ್ದಳು. ಒಳಗೆ ಜೀವವಿದ್ದರೆ ಮೊಟ್ಟೆ ತನ್ನಷ್ಟಕ್ಕೆ ತಾನೇ ಅಲುಗುತ್ತದೆ. ಅವಳು ಕರೆಸಿದಳೆಂದು ನಾನೂ ಹೋದೆ. ಒಂದು ಮೊಟ್ಟೆಯ ಮೇಲೆ ನಕ್ಷತ್ರದ ಹಾಗೆ ಬಿರುಕು ಬಿಟ್ಟು, ನಡುವಿನ ತೂತಿನಲ್ಲಿ ಕೊಕ್ಕಿನ ತುದಿ ಕಾಣುತ್ತಿತ್ತು. ಆ ತುದಿಯಲ್ಲಿ ನುಚ್ಚಿನಷ್ಟು ಚಿಕ್ಕ ಬಿಳಿ ಮೊನೆ. ಚಿಪ್ಪು ಒಡೆಯುವುದಕ್ಕೆಂದೇ ಹುಟ್ಟಿ, ಆಮೇಲೆ ಉದುರಿಹೋಗುವಂಥದ್ದು. ಪಾಠ ಮಾಡುವಾಗ ಹಲವು ಸಲ ಹೇಳಿದ್ದೇನೆ, ಕಣ್ಣಾರೆ ನೋಡಿರಲಿಲ್ಲ. ಮರಿ ಒಂದಿಷ್ಟು ಕುಟ್ಟುವುದು, ಸುಸ್ತಾಗಿ ನಿಲ್ಲುವುದು. ಕೈಹಾಕಲು ಹೋದ ನನ್ನ ಬೆರಳಿನ ಮೇಲೆ ದೊಡ್ಡವ್ವ ಒಂದೇಟು ಕೊಟ್ಟಳು. ‘ಮೇಷ್ಟ್ರಾಗಿ ಇಷ್ಟೂ ಗೊತ್ತಿಲ್ಲೇನು? ಅದೇ ಬರಬೇಕು.’ ಅದೇ ಬಂತು, ಒದ್ದೆಯಾಗಿ, ಕುರೂಪವಾಗಿ. ಒಣಗಿದ ಮೇಲೆ ನೋಡಬೇಕಿತ್ತು ಅದರ ಚಂದ. ಸೋಮವಾರ ಬಂದ ಒಡತಿಗೆ ಸಿಕ್ಕಿದ್ದು ಒಣಗಿದ ಮರಿಗಳು ಮಾತ್ರ. ದೊಡ್ಡವ್ವನಿಗೆ ಒಂದು ಮರಿ ಕೊಡಲು ಬಂದಳು. ‘ಸಾಕೋರು ಯಾರವ್ವ’ ಎಂದು ದೊಡ್ಡವ್ವ ಬೇಡವೆಂದಳು. ತನ್ನದಾದರೆ ಅದಕ್ಕೂ ಚಿಂತೆ ಶುರುವಾಗುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತು.

ಹೀಗೆ ನೋಡಿಕೊಳ್ಳುವುದನ್ನೇ ಬದುಕು ಮಾಡಿಕೊಂಡವರು ನಮ್ಮ ಸೀಮೆಯ ಕುರುಬರು. ಕುರಿಯನ್ನು ಪಾಲಿಗೆ ಕೊಡುವುದು ಇಲ್ಲಿ ಹಳೆಯ ಪದ್ಧತಿ. ಕುರಿ ನಿಮ್ಮದು, ಮೇಯಿಸುವವನು ಅವನು, ಹುಟ್ಟಿದ ಮರಿಗಳಲ್ಲಿ ಇಬ್ಬರಿಗೂ ಪಾಲು. ಕಟ್ಟೆಗೆ ಅಪರೂಪಕ್ಕೆ ಬರುವ ಒಬ್ಬ ಮಾವನ ಮಂದೆಯಲ್ಲಿ ಐದಾರು ಮನೆಯವರ ಕುರಿಗಳಿವೆ. ಬೆಂಗಳೂರಿಗೆ ದುಡಿಯಲು ಹೋದ ಒಬ್ಬ ಹೆಣ್ಣುಮಗಳ ಎರಡು ಕುರಿಯೂ ಅದರಲ್ಲಿವೆ. ಹಗಲೆಲ್ಲ ಮೇಯಿಸಿ, ರಾತ್ರಿ ಯಾರದೋ ಹೊಲದಲ್ಲಿ ತರುಬಿ, ಕಂಬಳಿ ಹೊದ್ದು ಮಲಗುವ ಬದುಕು. ಆಕೆ ರಜೆಗೆ ಬಂದಾಗ ತನ್ನ ಕುರಿ ಯಾವುವೆಂದು ಗುರುತಿಸಲಾರದೆ ಸುಮ್ಮನೆ ನಿಂತಳಂತೆ. ಕುರಿಗಳೂ ಆಕೆಯನ್ನು ಲೆಕ್ಕಕ್ಕಿಡಲಿಲ್ಲ. ಮಾವ ನಾಲಿಗೆಯಲ್ಲಿ ಒಂದು ಸದ್ದು ಮಾಡಿದ. ಎರಡೂ ಮಂದೆ ಸೀಳಿಕೊಂಡು ಬಂದವು. ‘ಆ ಹುಡುಗಿ ಮಾರಿ ನೋಡಬೇಕಿತ್ತು’ ಎಂದು ಹೇಳಿ ಹೇಳಿ ನಗುತ್ತಾನೆ. ಅದರಲ್ಲಿ ಸ್ವಲ್ಪ ಗರ್ವವೂ ಇದೆ.

ಅವನಿಗೆ ನಾನೊಂದು ಸಂಗತಿ ಹೇಳಿದೆ. ಇಂಗ್ಲೆಂಡಿನ ಬಾಬ್ರಹಾಂ ಸಂಸ್ಥೆಯ ವಿಜ್ಞಾನಿಗಳು 2001ರಲ್ಲಿ ತೋರಿಸಿಕೊಟ್ಟಿದ್ದಾರೆ, ಕುರಿ ಬೇರೆ 50 ಕುರಿಗಳ ಮುಖವನ್ನು ಎರಡು ವರ್ಷದವರೆಗೂ ನೆನಪಿಟ್ಟುಕೊಳ್ಳಬಲ್ಲದು ಎಂದು. ಮಾವ ಮಂಡಕ್ಕಿ ಮುಕ್ಕುತ್ತ ಕೇಳಿಸಿಕೊಂಡು, ‘ಆ ಐವತ್ತನ್ನ ಯಾರು ಕಾಯ್ತಿದ್ರಂತೆ?’ ಎಂದ.

ಪರರ ಸುಪರ್ದಿನಲ್ಲಿ ಇರುವುದೆಂದರೇನು ಎಂದು ನಮ್ಮೂರಿಗೇ ಚೆನ್ನಾಗಿ ಗೊತ್ತು. ಅಕ್ಟೋಬರ್ 1, 1953ರಂದು ಬಳ್ಳಾರಿ ಜಿಲ್ಲೆಯನ್ನು ಒಡೆದಾಗ ಬಳ್ಳಾರಿ ಮೈಸೂರಿಗೆ ಹೋಯಿತು, ಆದೋನಿ, ಆಲೂರು, ರಾಯದುರ್ಗ ಆಂಧ್ರದಲ್ಲಿ ಉಳಿದವು. ಪಕ್ಕದ ಮನೆಯಲ್ಲಿ ಬಿಟ್ಟುಹೋದ ಬೆಕ್ಕಿನ ಹಾಗೆ ನಾವು ಇನ್ನೂ ಇಲ್ಲೇ ಇದ್ದೇವೆ. ಹಾಲು ಹಾಕುತ್ತಾರೆ, ಸುಳ್ಳು ಹೇಳಬಾರದು. ಇಲ್ಲಿಯ ನಾಯಿಗಳಿಗೂ ‘ಬಾ’ ಅಂದರೂ ಗೊತ್ತು, ‘ರಾ’ ಅಂದರೂ ಗೊತ್ತು. ರೊಟ್ಟಿ ಕೈಯಲ್ಲಿದ್ದರೆ ಏನೂ ಅನ್ನಬೇಕಾಗಿಲ್ಲ.

ಭಾನುವಾರ ರಾತ್ರಿ ಊಟವಾದ ಮೇಲೆ ತಂಗಿಯ ಫೋನು ಬರುತ್ತದೆ. ಅವಳನ್ನು ಕೊಟ್ಟಿರುವುದು ಮಡಕಶಿರಾ ಸೀಮೆಗೆ, ಹೇಮಾವತಿಯ ಹತ್ತಿರದ ಒಂದು ಹಳ್ಳಿಗೆ. 2022ರಲ್ಲಿ ಆ ಭಾಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಅಲ್ಲಿಯತನಕ ಅಣ್ಣ ತಂಗಿ ಇಬ್ಬರದೂ ಅನಂತಪುರ ಜಿಲ್ಲೆಯೇ. ಅವಳ ಮಾತು ಈಗ ಪೂರ್ತಿ ಶಿರಾ ಕಡೆಯದಾಗಿದೆ. ಅಲ್ಲಿ ನೋಡಿಕೊಳ್ಳಲು ಬಿಟ್ಟುಹೋಗುವುದು ನಾಯಿ ಬೆಕ್ಕಲ್ಲ, ರೇಷ್ಮೆ ಹುಳ.

ಪಕ್ಕದ ಮನೆಯವರು ಶಿರಾದಲ್ಲಿ ನಾಮಕರಣಕ್ಕೆಂದು ಹೋಗಬೇಕಾಯಿತು. ಹುಳ ಪೊರೆ ಕಳಚುವ ನಾಲ್ಕನೇ ಜ್ವರ ಎದ್ದು, ಕಡೆಯ ಹಂತದಲ್ಲಿ ಸೊಪ್ಪು ಮುಕ್ಕುವ ಸಮಯ. ಒಂದು ಹೊತ್ತು ತಪ್ಪಿದರೂ ಬೆಳೆಗೆ ಏಟು. ‘ನಾಯಿಗಾದ್ರೆ ಬೈದು ಸುಮ್ನಾಗ್ಬೋದು ಕಣಣ್ಣ, ಇವಕ್ಕೆ ಏನಂತ ಹೇಳ್ಳಿ?’ ಎಂದಳು. ಕಾಲು ತೊಳೆದು, ಸುಣ್ಣದ ಪುಡಿ ತುಳಿದು ಒಳಗೆ ಹೋಗಬೇಕು, ಸೆಂಟು ಗಿಂಟು ಹಾಕಿರಬಾರದು. ಸೊಪ್ಪು ಹಾಕಿ ಬಾಗಿಲು ಮುಚ್ಚಿ ಬರುವುದು, ಬಟ್ಟೆ ಒಗೆಯುವುದರೊಳಗೆ ಮತ್ತೆ ಹೊತ್ತಾಗುವುದು. ಭಾನುವಾರ ಮಧ್ಯಾಹ್ನ ಕೆಲವು ಹುಳ ಸೊಪ್ಪು ಬಿಟ್ಟು ತಲೆ ಎತ್ತಿ ಆಡಿಸತೊಡಗಿದವು. ಮೈಯೊಳಗೆ ದೀಪ ಇಟ್ಟ ಬಣ್ಣ. ಹಣ್ಣಾಗಿದ್ದವು. ಅವಳು ಒಂದೊಂದೇ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟು, ಮನೆಗೆಲಸವೆಲ್ಲ ಮರೆತು ಅಲ್ಲೇ ಕೂತಳಂತೆ. ಒಂದು ಹುಳ ಬಿದಿರ ಪಟ್ಟಿಗೆ ಮೊದಲ ಎಳೆ ಅಂಟಿಸಿ, ತಲೆಯನ್ನು ಎಂಟರ ಅಂಕಿ ಬರೆದ ಹಾಗೆ ಆಡಿಸುತ್ತ ತನ್ನ ಸುತ್ತ ತಾನೇ ಗೋಡೆ ಕಟ್ಟಿಕೊಳ್ಳುತ್ತಿತ್ತು. ಎಂಟುನೂರು, ಸಾವಿರ ಮೀಟರಿನ ಒಂದೇ ಎಳೆ ಅದು. ಮುಗಿಸಲು ಎರಡು ಮೂರು ದಿನ ಬೇಕು. ಅದಾದ ಮೇಲೆ ಹಿಂದೂಪುರದ ಗೂಡಿನ ಮಾರುಕಟ್ಟೆ, ಹರಾಜು, ತೂಕ. ಅದೆಲ್ಲ ಪಕ್ಕದ ಮನೆಯವರ ತಲೆನೋವು. ‘ಸ್ವಂತ ಹುಳ ಸಾಕ್ದಾಗ ಒಂದ್ಸಲಾನೂ ಹಿಂಗೆ ಕೂತು ನೋಡಿಲ್ಲ ಕಣಣ್ಣ’ ಎಂದಳು. ಆ ಮಾತಿಗೆ ನನಗೆ ಉತ್ತರ ಹೊಳೆಯಲಿಲ್ಲ.

ಅವಳ ಮಗ ಬೆಂಗಳೂರಿನಲ್ಲಿದ್ದಾನೆ. ಅಪಾರ್ಟ್‌ಮೆಂಟುಗಳ ನಾಯಿ ಸುತ್ತಾಡಿಸುವುದು, ಒಡೆಯರು ಊರಿಗೆ ಹೋದರೆ ನೋಡಿಕೊಳ್ಳುವುದು ಅವನ ಕೆಲಸ. ನಾವು ಲಾಡುವಿಗೆ ಮಾಡುವುದನ್ನು ಅವನು ಸಂಬಳಕ್ಕೆ ಮಾಡುತ್ತಾನೆ. ಶನಿವಾರ ಭಾನುವಾರ ಲೋಕಕ್ಕೆಲ್ಲ ರಜೆ, ಅವನಿಗೆ ಸುಗ್ಗಿ. ಊಟದ ವಿಡಿಯೊ, ವಾಕಿಂಗಿನ ವಿಡಿಯೊ, ಮಲಗಿದ ವಿಡಿಯೊ ಕಳಿಸುತ್ತಿರಬೇಕು. ಅವನು ಹೇಳುವ ಒಂದು ನಾಯಿಗೆ ಲಿಫ್ಟಿನ ಲೆಕ್ಕ ಗೊತ್ತಂತೆ. ಭಾನುವಾರ ಮಾತ್ರ ಅದು ಆರನೇ ಅಂತಸ್ತಿನಲ್ಲಿ ಇಳಿದೇ ತೀರಬೇಕು. ಆ ಅಂತಸ್ತಿನ ಒಂದು ಮನೆಯಲ್ಲಿ ಭಾನುವಾರ ಮೀನು ಹುರಿಯುತ್ತಾರೆ. ಆ ವಿಡಿಯೊವನ್ನು ಒಡೆಯರಿಗೆ ಕಳಿಸಿಲ್ಲ, ಅಮ್ಮನಿಗೆ ಕಳಿಸಿದ್ದಾನೆ.

ಹೇಮಾವತಿ ಎಂದೊಡನೆ ನನಗೆ ಪಾಠದ ಚಟ ಮರುಕಳಿಸುತ್ತದೆ. ಅದು ನೊಳಂಬರ ರಾಜಧಾನಿ ಹೆಂಜೇರು. ಆ ನೊಳಂಬರ ಕುಲಕ್ಕೆ ಯಮನಾದವನು ಎಂದೇ ಬಿರುದು ಹೊತ್ತವನು ಗಂಗರ ಮಾರಸಿಂಹ, ಅವನ ಅಪ್ಪ ಬೂತುಗ. ಬೂತುಗನ ಕಾಲದ, ಸುಮಾರು 949ರ, ಒಂದು ಕಲ್ಲು ಮಂಡ್ಯ ಸೀಮೆಯ ಆತಕೂರಿನಲ್ಲಿತ್ತು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರ, ಏನು ಬೇಕು ಕೇಳು ಎಂದಾಗ ಊರು ಹೊನ್ನು ಬಿಟ್ಟು ಕಾಳಿ ಎಂಬ ನಾಯಿಯನ್ನು ಕೇಳಿದ. ಆ ಕಾಳಿ ಕಾಡುಹಂದಿಯ ಮೇಲೆ ಬಿದ್ದು, ನಾಯಿ ಹಂದಿ ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಅಲ್ಲಿಯ ಪೂಜಾರಿ ಗೊರವ ಆ ಕಲ್ಲನ್ನು ಪೂಜಿಸದೆ ಉಂಡರೆ ಪಾಪ ತಟ್ಟುವುದೆಂದೂ ಕೊರೆಸಿದರು. ಸತ್ತ ನಾಯಿಯನ್ನು ನೋಡಿಕೊಳ್ಳಲು ಒಬ್ಬನನ್ನು ನೇಮಿಸಿದ ಹಾಗಾಯಿತು.

ಇದನ್ನು ಕಟ್ಟೆಯ ಮೇಲೆ ಹೇಳಿದಾಗ ಎಲ್ಲರೂ ತಲೆದೂಗಿದರು. ಟೈಲರ್ ಮಾತ್ರ ಮಿರ್ಚಿಯ ತೊಟ್ಟು ಎಸೆದು ಕೇಳಿದ: ‘ಮಣಲೇರನ ಕೈಗೆ ಬರೋತನ ಅದನ್ನ ಸಾಕಿದ ಆಳು ಯಾರ್ರಿ ಸಾರ್? ಅವನ ಹೆಸರು ಕಲ್ಲಾಗ ಐತೇನು?’

ಕಲ್ಲಿನಲ್ಲಿ ಅವನಿಲ್ಲ ಎಂದೆ.

‘ಇರಾದಿಲ್ಲ ಬಿಡ್ರಿ’ ಎಂದು ಅವನೇ ಮುಗಿಸಿದ.

ಅಷ್ಟರಲ್ಲಿ ಮೂಲೆಮನೆಯ ಅಕ್ಕ ಬಂದಳು. ಬರುವ ಶನಿವಾರ ತವರಿನಲ್ಲಿ ಮದುವೆ, ಮನೆಯಲ್ಲೊಂದು ಆಡಿದೆ. ಎಲ್ಲರೂ ಬೇರೆ ಕಡೆ ನೋಡತೊಡಗಿದೆವು. ಆಡೆಂದರೆ ಕಟ್ಟೆಗೂ ಭಯ. ಕೊನೆಗೆ ಟೈಲರೇ, ‘ಜೀನ್ಸ್ ಬಟ್ಟೆ ತಿಂತತೇನಕ್ಕ ಅದು?’ ಎಂದು ವಿಚಾರಿಸಿದ.

‘ಛೆ ಛೆ, ಎಲ್ಲಿ ತಿಂತತಣ್ಣ’ ಎಂದಳು ಅಕ್ಕ. ‘ಜಿಪ್ಪು ಬಿಟ್ಟುಬಿಡ್ತತಿ.’